ಫುಂಡೋ ಕಾಣದಾದರೆ

ಯುನಿಸಿ ನಮ್ಮ ಕಟ್ಟಡಕ್ಕೆ ಬಂದ ದಿನವೇ ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು. ಲವಂಗದ ಕಾಲ ಅದು. ನಮ್ಮ ದ್ವೀಪದ ವೇತೆ ಊರಿನ ಸರ್ಕಾರಿ ಫ್ಲ್ಯಾಟುಗಳ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲದ ಹಾಗೆ ನಾವೆಲ್ಲ ಚಾಪೆ ಹಾಸಿ ಲವಂಗ ಒಣಹಾಕಿದ್ದೆವು. ಆ ಹೊತ್ತಿಗೇ ಬಂದರಿನಿಂದ ಒಂದು ಕೈಗಾಡಿ ಬಂತು. ಅದರಲ್ಲಿ ಒಂದು ಹಾಸಿಗೆ, ಒಂದು ಬೀಸುವ ಕಲ್ಲು, ಸಜ್ಜೆ ಹಿಟ್ಟಿನ ಮೂಟೆ, ಉಳಿದದ್ದೆಲ್ಲ ಬಕೆಟ್ಟು. ಪಕ್ಕದ ಮನೆಯ ರಾಯಾ ಎಣಿಸಿ ಒಂಬತ್ತು ಅಂದಳು. ಗಂಡ ಹೆಂಡತಿ ಇಬ್ಬರಿಗೆ ಒಂಬತ್ತು ಬಕೆಟ್ಟು ಯಾಕಂತೆ, ಹಾಲು ಮಾರೋಕೆ ಬಂದಿದ್ದಾರಾ ಅಂತ ಎಲ್ಲರೂ ನಕ್ಕರು.

ಗಂಡ ಲಜಾರೋ ಬಂದರಿನ ಕ್ರೇನು ರಿಪೇರಿ ಮಾಡುವವನು. ಇಬ್ಬರೂ ಕಡಲಾಚೆಯ ದೊಡೊಮಾ ಕಡೆಯ ಬಯಲುಸೀಮೆಯವರು, ವರ್ಷದಲ್ಲಿ ಎಂಟು ತಿಂಗಳು ಒಂದು ಹನಿ ಬೀಳದ ಊರು. ಅವರಿಗೆ ಸಿಕ್ಕಿದ್ದು ನಾಲ್ಕನೇ ಮಹಡಿಯ ಮನೆ. ಹಾಸಿಗೆ ಹೊತ್ತವರು ಮೆಟ್ಟಿಲ ಮಧ್ಯೆ ಸಿಕ್ಕಿಕೊಂಡು ಬೈಯುವುದು ನನಗೆ ಕೆಳಗೇ ಕೇಳಿಸಿತು. ಏನಾಯಿತೆಂದು ಹೋದರೆ, ಈಕೆ ಮೂರನೇ ಮಹಡಿಯ ಕಿಂಡಿಯಲ್ಲಿ ಕಡಲು ನೋಡುತ್ತ ದಾರಿಗಡ್ಡವಾಗಿ ನಿಂತುಬಿಟ್ಟಿದ್ದಳು. ಕಡಲು ದಾಟಿಯೇ ಬಂದವಳಲ್ಲವೇನೇ ಅಂದೆ. ಹಡಗಿನಲ್ಲಿ ಹೆದರಿ ಕಣ್ಣು ಮುಚ್ಚಿಕೊಂಡೇ ಇದ್ದಳಂತೆ.

ಮಾರನೆಯ ದಿನ ಅವಳು ನಾಲ್ಕು ಮಹಡಿ ಒಂದೇ ಉಸಿರಿಗೆ ಇಳಿದು ಬಂದಳು. ನಾನು ಚಾಪೆಯ ಮುಂದೆ ಕೂತು ಲವಂಗದ ತೊಟ್ಟು ಬಿಡಿಸುತ್ತಿದ್ದೆ. ಕಟ್ಟಡದ ಎಲ್ಲರ ಹಾಗೆ ಅವಳೂ ನನ್ನನ್ನು ಬೀ ಮಿಜೆ ಅಂತಲೇ ಕರೆದಳು.

“ಬೀ ಮಿಜೆ, ಕಡಲು ಹೊರಟೋಗಿದೆ. ದೋಣಿಗಳೆಲ್ಲ ಕೆಸರಲ್ಲಿ ಬಿದ್ಕೊಂಡಿವೆ.”

“ಹೋಗ್ಲಿ ಬಿಡು. ಸಂಜೆ ಚಹಾ ಹೊತ್ತಿಗೆ ವಾಪಸ್ ಬರುತ್ತೆ.”

ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಳೋ ಏನೋ. ಹೋಗಿ ಕಿಟಕಿಯಲ್ಲಿ ಕೂತವಳು, ಇಳಿದ ನೀರು ಮತ್ತೆ ಏರಿ ದೋಣಿಗಳನ್ನು ಎತ್ತುವವರೆಗೂ ಅಲ್ಲಿಂದ ಏಳಲಿಲ್ಲವಂತೆ. ಅವತ್ತು ಲಜಾರೋಗೆ ಊಟವಿಲ್ಲ. ನಾನೇ ಒಂದು ತಟ್ಟೆ ಮರಗೆಣಸು, ಆಕ್ಟೋಪಸ್ ಸಾರು ಕಳಿಸಿದೆ. ಆಮೇಲೆ ನೀರಿನ ವಿಷಯ. ನಮ್ಮಲ್ಲಿ ನಲ್ಲಿ ನೀರು ಎರಡನೇ ಮಹಡಿಗಿಂತ ಮೇಲೆ ಏರುವುದಿಲ್ಲ, ಮೇಲಿನವರು ಹೊರಬೇಕು. ಇದಕ್ಕಾಗಿ ಮೂವತ್ತು ವರ್ಷದಿಂದ ನಾವು ಸರ್ಕಾರಕ್ಕೆ ಹಿಡಿಶಾಪ ಹಾಕುತ್ತಿದ್ದೇವೆ. ಈ ಪುಣ್ಯಾತಗಿತ್ತಿ ಮಾತ್ರ ನಲ್ಲಿಯ ಕೆಳಗೆ ಬಕೆಟ್ಟಿಟ್ಟು ಅದು ತುಂಬುವುದನ್ನು ಕಣ್ಣರಳಿಸಿ ನೋಡುತ್ತಿದ್ದಳಂತೆ. ಅವಳ ಊರಿನಲ್ಲಿ ಬೆಳಿಗ್ಗೆ ಹೊರಟರೆ ನೀರು ತರುವಾಗ ಮಧ್ಯಾಹ್ನ. ಇಲ್ಲಿ ಮೆಟ್ಟಿಲ ಬುಡದಲ್ಲೇ ನೀರು ಅಂತ ಅವಳಿಗೆ ಬೆರಗೋ ಬೆರಗು. ಮೊದಮೊದಲು ನಗು ಬರುತ್ತಿತ್ತು, ಬರುಬರುತ್ತ ತಲೆನೋವಾಯಿತು. ದಿನ ಬೆಳಗಾದರೆ ಕಾಣುವ ಕಡಲು, ದಿನ ಬೆಳಗಾದರೆ ಬರುವ ನೀರು, ಅದರಲ್ಲಿ ನೋಡುವುದಕ್ಕೆ ಏನಿದೆ?

ನೋಡುವ ಮಾತು ಬಂದರೆ ನನಗೆ ಮೈ ಉರಿಯುವುದಕ್ಕೆ ಕಾರಣವೂ ಇತ್ತು. ನನ್ನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಬೆಳಕು ಗೊತ್ತಾಗುತ್ತಿತ್ತು, ಎದುರು ನಿಂತವರ ಆಕಾರ ಗೊತ್ತಾಗುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಮಗಳು ಜೋಖಾಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮಾರನೆಯ ದಿನವೇ ಅಯ್ಯೋ ಪಾಪ ಅಂತ ಕೈ ಹಿಡಿದು ನಡೆಸಲು ಬರುತ್ತಾರೆ, ನನಗದು ಆಗದು. ಲವಂಗ ಒಣಗಿತೋ ಇಲ್ಲವೋ ಅಂತ ಉಗುರಲ್ಲಿ ಮುರಿದು ಸದ್ದು ಕೇಳಿ ಹೇಳುತ್ತಿದ್ದೆ. ಕಣ್ಣಿದ್ದವರಿಗಿಂತ ಚೆನ್ನಾಗಿಯೇ ಹೇಳುತ್ತಿದ್ದೆ. ಗಂಡ ಬಿಟ್ಟುಹೋದ ಹನ್ನೊಂದು ಮರಗಳಲ್ಲಿ ಆ ವರ್ಷ ಒಳ್ಳೆಯ ಫಸಲು ಬಂದಿತ್ತು. ಅದನ್ನು ಮಾರಿ, ಕೊಯ್ಲು ಮುಗಿದ ಮೇಲೆ ಚಾಕೆ ಚಾಕೆ ಪಟ್ಟಣದ ಆಸ್ಪತ್ರೆಗೆ ಬರುವ ಕಣ್ಣಿನ ಡಾಕ್ಟರ ಹತ್ತಿರ ಎರಡೂ ಪೊರೆ ತೆಗೆಸುವುದೆಂದು ಜೋಖಾ ನಿಶ್ಚಯಿಸಿದ್ದಳು. ಅಂಗಳದಲ್ಲಿ ಒಣಗುತ್ತಿದ್ದದ್ದು ನನ್ನ ಎರಡು ಕಣ್ಣು ಅನ್ನಿ.

ಲವಂಗಕ್ಕೆ ಮಳೆ ಬಿದ್ದರೆ ಮುಗಿಯಿತು. ಬಿಳಚಿಕೊಂಡು ಬೂಸಲು ಹಿಡಿಯುತ್ತದೆ, ಮಾರುಕಟ್ಟೆಯಲ್ಲಿ ಮೂಸಿಯೂ ನೋಡುವುದಿಲ್ಲ. ಹಾಗಾಗಿ ಮೊದಲ ಹನಿ ಬಿದ್ದರೆ ನಮ್ಮಲ್ಲಿ ಇವರ ಚಾಪೆ, ಅವರ ಚಾಪೆ ಅಂತಿಲ್ಲ. ಕೋರ್ಟಿನಲ್ಲಿ ಎದುರುಬದುರು ನಿಂತವರೂ ಓಡಿ ಬಂದು ಒಬ್ಬರ ಲವಂಗ ಇನ್ನೊಬ್ಬರು ಬಾಚುತ್ತಾರೆ. ಜಗಳವನ್ನು ಮಳೆ ನಿಂತ ಮೇಲೆ ಮುಂದುವರಿಸಿದರಾಯಿತು.

ಅವಳು ಬಂದ ಎರಡನೇ ವಾರ ಮಳೆ ಬಂತು. ಗಾಳಿ ತಣ್ಣಗಾದಾಗಲೇ ನಾನು ನನ್ನದನ್ನು ಎರಡು ಗುಡ್ಡೆ ಮಾಡಿದ್ದೆ. ಒಂದನ್ನು ಜೋಖಾ ಒಳಗೆ ಹಾಕಿದಳು. ಇನ್ನೊಂದರ ಮೇಲೆ ದೊಡ್ಡ ನೀಲಿ ತಾಡಪಾಲು ಹೊದಿಸಿ ಕಲ್ಲಿಟ್ಟು, ರಾಯಾಳ ಚಾಪೆ ಎಳೆಯಲು ಓಡಿದೆವು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಬಕೆಟ್ಟುಗಳ ಸದ್ದು, ಅದರ ಜೊತೆ ಯುನಿಸಿಯ ನಗು. ಇಡೀ ಅಂಗಳ ಬಾಯಿ ಬಡಿದುಕೊಳ್ಳುತ್ತ ಓಡಾಡುವಾಗ ಅವಳೊಬ್ಬಳು ಮದುವೆ ಮನೆಯಲ್ಲಿದ್ದ ಹಾಗೆ ನಗುತ್ತ ಒಂಬತ್ತೂ ಬಕೆಟ್ಟು ಸಾಲಾಗಿ ಇಟ್ಟಳು. ಅಷ್ಟಕ್ಕೆ ಬಿಡಲಿಲ್ಲ. ಅವಳ ಊರಿನಲ್ಲಿ ಮಳೆ ಬಂದರೆ ತಾಡಪಾಲು ಹಾಸಿ ನಾಲ್ಕು ಮೂಲೆ ಎತ್ತಿ ಕಟ್ಟಿ ನೀರು ಹಿಡಿಯುತ್ತಾರಂತೆ. ನನ್ನ ನೀಲಿ ತಾಡಪಾಲು ನೀರಿಗಾಗಿಯೇ ಹಾಸಿದ್ದು, ಪಾಪ ಮುದುಕಿಗೆ ಮೂಲೆ ಎತ್ತಿಕಟ್ಟಲು ಆಗಿಲ್ಲ ಅಂದುಕೊಂಡಿದ್ದಾಳೆ. ಕಲ್ಲು ತೆಗೆದು ಎಳೆದಳು. ಆ ಜಡಿಮಳೆಯಲ್ಲಿ ಅದರಡಿ ಏನಿದೆ ಅಂತಲೂ ನೋಡದೆ ನಾಲ್ಕು ಮೂಲೆ ಬೇಲಿಗೆ ಕಟ್ಟಿ, ಮುಖ ಮೇಲೆತ್ತಿ ನಿಂತಳು.

ಬೇಲಿಯ ಹತ್ತಿರ ತಾಡಪಾಲಿನ ಮೇಲೆ ಮಳೆ ಬಡಿಯುವ ಸದ್ದು ನನಗೆ ಕೇಳಿಸಿತು. ಓಡಿ ಬಂದು ಕೈ ಹಾಕಿದರೆ ನನ್ನ ಗುಡ್ಡೆ ನೀರಲ್ಲಿ ತೇಲುತ್ತಿತ್ತು.

“ಮಳೆ ಬಂದಾಗ ಬಾಯಿ ಬಿಟ್ಕೊಂಡು ನಿಂತ್ಕೋ ಅಂತ ಹೇಳ್ಕೊಟ್ಟಿದ್ದಾಳಾ ನಿಮ್ಮಮ್ಮ? ಕೈ ಹಾಕೇ ಲವಂಗಕ್ಕೆ.”

ಕೈ ಹಾಕಿದಳು, ಎಲ್ಲರೂ ಹಾಕಿದರು, ಆದರೆ ಹೊತ್ತು ಮೀರಿತ್ತು. ಅವತ್ತು ಸಂಕಟದಲ್ಲಿ ನನ್ನ ಬಾಯಿಂದ ಎಲ್ಲ ಹೊರಗೆ ಬಂತು. ಎರಡು ಕಣ್ಣಿನ ಲವಂಗದಲ್ಲಿ ಒಂದು ಕಣ್ಣಿನದು ನೀರುಪಾಲು ಮಾಡಿದೆ ಮಾರಾಯ್ತಿ ಅಂದುಬಿಟ್ಟೆ. ಹೇಳಬಾರದು ಅಂದುಕೊಂಡಿದ್ದನ್ನು ಇಡೀ ಕಟ್ಟಡದ ಮುಂದೆ ಹೇಳಿದ್ದೆ. ಯುನಿಸಿ ಮೆಟ್ಟಿಲು ಹತ್ತಿ ಹೋದಳು, ಬಕೆಟ್ಟುಗಳು ಅಲ್ಲೇ ತುಂಬಿ ತುಳುಕುತ್ತ ಉಳಿದವು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು ಹೋಡಿ ಅಂತ ಒಳಗೆ ಬರಲು ಅಪ್ಪಣೆ ಕೇಳಿದಳು. ಒಳಗೆ ಬಾ ಅನ್ನಲು ನನಗೆ ಮನಸ್ಸಾಗಲಿಲ್ಲ. ಹೊರಗಿನಿಂದಲೇ ಹೇಳಿದಳು.

“ನನ್ನ ಕಿಟಕಿಗೆ ಕಡಲೆಲ್ಲ ಕಾಣುತ್ತೆ ಅಮ್ಮಾ. ಉಳಿದ ಲವಂಗ ಒಣಗೋವರೆಗೂ ನಾನು ಮಳೆ ಕಾಯ್ತೀನಿ.”

ಕಾಯಿ, ಹೇಗೂ ನಿನಗೆ ಬೇರೆ ಕೆಲಸವಿಲ್ಲವಲ್ಲ ಅಂದೆ. ಮಧ್ಯಾಹ್ನದ ಹೊತ್ತಿಗೆ ನೆಲಮಹಡಿಯ ನನ್ನ ಕಿಟಕಿಗೆ ಏನೋ ಬಡಿಯಿತು. ಮೇಲಿನ ಮನೆಯವರು ತರಕಾರಿ, ಬ್ರೆಡ್ಡು ತರಿಸಿಕೊಳ್ಳಲು ಹಗ್ಗದಲ್ಲಿ ಬುಟ್ಟಿ ಇಳಿಬಿಡುತ್ತಾರೆ. ಅಂಥ ಹಗ್ಗದ ತುದಿಗೆ ಇವಳು ಕಲ್ಲು ತುಂಬಿದ ಡಬ್ಬಿ ಕಟ್ಟಿದ್ದಳು. ಅಲ್ಲಿಂದ ಅಲ್ಲಾಡಿಸಿದರೆ ಇಲ್ಲಿ ಗಲಗಲ ಸದ್ದು. ನಮ್ಮ ಕೊಲ್ಲಿಯ ಆಚೆ ಫುಂಡೋ ದ್ವೀಪವಿದೆ. ಅದು ಕಂಡರೆ ಮಳೆಯಿಲ್ಲ, ಅದು ಮಾಯವಾದರೆ ಬಕೆಟ್ಟು ತುಂಬುವಷ್ಟು ಹೊತ್ತಿನಲ್ಲಿ ಮಳೆ ಇಲ್ಲಿರುತ್ತದೆ ಅಂತ ಲೆಕ್ಕ ಕಂಡುಕೊಂಡಿದ್ದಳು. ಇದೇ ಊರಲ್ಲಿ ಹುಟ್ಟಿ ಬೆಳೆದ ನನಗೆ ಈ ಲೆಕ್ಕ ಗೊತ್ತಿರಲಿಲ್ಲ. ನಮ್ಮ ಅಂಗಳದಿಂದ ಫುಂಡೋ ಕಾಣುವುದೇ ಇಲ್ಲ, ಸುತ್ತ ಕಟ್ಟಡ. ಗೊತ್ತಿರಲಿಲ್ಲ ಅಂತ ಅವಳಿಗೆ ಹೇಳಲೂ ಇಲ್ಲ.

ಒಂಬತ್ತು ದಿನ ಡಬ್ಬಿ ಅಲ್ಲಾಡಲಿಲ್ಲ. ಹತ್ತನೆಯ ದಿನ ಉಳಿದ ಲವಂಗಕ್ಕೆ ಕೊನೆಯ ಬಿಸಿಲು. ಸಂಜೆ ಮೂಟೆ ಕಟ್ಟಿದರೆ ಮುಗಿಯಿತು. ಬಿಸಿಲು ಬೆನ್ನು ಸುಡುತ್ತಿತ್ತು. ಜೋಖಾ ಪಾಠ ಹೇಳಲು ಶಾಲೆಗೆ ಹೋಗಿದ್ದಳು. ನಾವೊಂದಷ್ಟು ಜನ ಗೋಡೆಯ ನೆರಳಲ್ಲಿ ಕೂತು ತೊಟ್ಟು ಬಿಡಿಸುತ್ತಿದ್ದಾಗ ಡಬ್ಬಿ ಗಲಗಲ ಅಂದಿತು. ಮೇಲಿಂದ ಯುನಿಸಿ ಕೂಗಿದಳು.

“ಫುಂಡೋ ಕಾಣ್ತಿಲ್ಲ.”

ರಾಯಾ ತಲೆಯೆತ್ತಿ ನೋಡಿ ನಕ್ಕಳು. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿದೆ, ಆ ಹುಡುಗಿಗೆ ಮಳೆಯ ಹುಚ್ಚು, ಕನಸು ಕಾಣುತ್ತಿದ್ದಾಳೆ, ನೀನು ಈಗ ಬಾಚಿ ಒಳಗಿಟ್ಟರೆ ಕೊನೆಯ ಬಿಸಿಲು ಹಾಳು ಅಂದಳು. ಉಳಿದವರೂ ಹೌದು ಅಂದರು. ಒಂದು ಸಲ ನನ್ನ ಬೆಳೆ ಮುಳುಗಿಸಿದವಳ ಮಾತು. ಹಸಿ ಉಳಿದ ಲವಂಗ ಮೂಟೆಯಲ್ಲೇ ಬೂಸಲು ಬಂದರೆ ಇನ್ನೊಂದು ಕಣ್ಣೂ ಹೋದ ಹಾಗೆ. ಅತ್ತ ದರಿ ಇತ್ತ ಪುಲಿ ಅಂದರೆ ಏನು ಅಂತ ಅವತ್ತು ಗೊತ್ತಾಯಿತು. ಅವರೆಲ್ಲ ಆಕಾಶ ನೋಡಿ ಮಾತಾಡುತ್ತಿದ್ದರು. ನನಗೆ ಆಕಾಶವೇ ಕಾಣುತ್ತಿರಲಿಲ್ಲ, ನನಗಿದ್ದದ್ದು ಡಬ್ಬಿಯ ಸದ್ದೊಂದೇ. ಅದು ನಿಲ್ಲದೆ ಬಡಿದುಕೊಳ್ಳುತ್ತಿತ್ತು. ಇಷ್ಟು ದಿನ ಊಟ ನಿದ್ದೆ ಬಿಟ್ಟು ಕಡಲು ನೋಡಿದವಳು ಸುಮ್ಮನೆ ಬಡಿಯುತ್ತಾಳಾ ಅನ್ನಿಸಿತು. ಎದ್ದು ಚಾಪೆಯ ಅಂಚು ಹಿಡಿದು ಎಳೆದೆ.

ಹಗ್ಗ ಬಿಟ್ಟು ಅವಳೂ ಧಡಧಡ ಇಳಿದು ಬಂದಳು. ಈ ಸಲ ಕೈಯಲ್ಲಿ ಬಕೆಟ್ಟು ಇರಲಿಲ್ಲ. ಇಬ್ಬರೂ ಸೇರಿ ಕೊನೆಯ ಚಾಪೆಯನ್ನು ಹೊಸ್ತಿಲು ದಾಟಿಸುವಾಗ ಬಿಸಿಲು ಇನ್ನೂ ಇತ್ತು, ರಾಯಾ ಇನ್ನೂ ನಗುತ್ತಿದ್ದಳು. ಆಮೇಲೆ ಗಾಳಿ ತಿರುಗಿತು. ಮಳೆ ಹನಿ ಹನಿಯಾಗಿ ಬರಲಿಲ್ಲ, ಒಂದೇ ಸಲ ಸುರಿಯಿತು. ಯುನಿಸಿ ರಾಯಾಳ ಚಾಪೆಗೆ ಮೊದಲು ಓಡಿದವಳು, ಹಿಂದೆ ನಾನು. ಅರ್ಧ ಉಳಿಸಿಕೊಟ್ಟೆವು. ರಾಯಾ ಆಮೇಲೆ ಒಂದು ವಾರ ನನ್ನ ಮುಂದೆ ಬಾಯಿ ಬಿಡಲಿಲ್ಲ, ಅದೂ ಒಂದು ಲಾಭ.

ನೆನೆದು ತೊಪ್ಪೆಯಾಗಿ ನಾವಿಬ್ಬರೂ ಮೆಟ್ಟಿಲ ಬುಡದಲ್ಲಿ ಕೂತೆವು. ನನ್ನ ಮನೆಯೊಳಗಿಂದ ಒಣ ಲವಂಗದ ಘಾಟು ಬರುತ್ತಿತ್ತು. ಮಳೆ ಹೇಗೆ ಕಂಡಿತೇ ಅಂತ ಕೇಳಿದೆ. ಯಾಕೆ ಕೇಳಿದೆನೋ, ಅರವತ್ತು ವರ್ಷದಲ್ಲಿ ಒಬ್ಬರನ್ನೂ ಅದನ್ನು ಕೇಳಿದವಳಲ್ಲ.

“ನಮ್ಮೂರಲ್ಲಿ ಮಳೆ ಮೇಲಿಂದ ಬೀಳುತ್ತೆ. ಇಲ್ಲಿ ಅದು ನಡ್ಕೊಂಡು ಬರುತ್ತೆ ಅಮ್ಮಾ. ಮೊದಲು ಫುಂಡೋ ಹೋಯ್ತು. ಆಮೇಲೆ ದೂರದ ದೋಣಿ, ಆಮೇಲೆ ಹತ್ತಿರದ ದೋಣಿ. ಒಂದು ಕಡೆ ಕಡಲು ಬಿಸಿಲಲ್ಲಿ ಹಸಿರಾಗಿ ನಗ್ತಿದೆ, ಪಕ್ಕದಲ್ಲೇ ಬೂದಿ ಬಣ್ಣದ್ದು ನಡೀತಿದೆ. ನಾನು ಡಬ್ಬಿ ಅಲ್ಲಾಡಿಸ್ತಾ ಅಳ್ತಿದ್ದೆ. ಇಷ್ಟು ನೀರು ದೇವರು ಎಲ್ಲಿಟ್ಟಿದ್ದ ಇಷ್ಟು ದಿನ?”

ನನಗೆ ಮೊದಲ ಸಲ ನಾಚಿಕೆಯಾಯಿತು. ಈ ಕಡಲಿನ ಪಕ್ಕದಲ್ಲೇ ಹುಟ್ಟಿ, ಕಣ್ಣು ಸರಿಯಿದ್ದ ಕಾಲದಲ್ಲಿ ಮಳೆ ಬಂದಾಗಲೆಲ್ಲ ನಾನು ನೋಡಿದ್ದು ನೆಲದ ಮೇಲಿನ ಲವಂಗ ಮಾತ್ರ.

ಇದ್ದ ಲವಂಗದಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡೆ. ಪಟ್ಟಿ ಬಿಚ್ಚಿದ ದಿನ ಎದುರಿಗೆ ಒಬ್ಬಳು ಪುಟ್ಟ ಹೆಂಗಸು ನಿಂತಿದ್ದಳು, ಕೆನ್ನೆಯ ಮೇಲೆ ಒಂದು ಮಚ್ಚೆ. ಯಾರೋ ನರ್ಸು ಅಂದುಕೊಂಡೆ. ಅಮ್ಮಾ ಅಂದಾಗ ಗುರುತು ಸಿಕ್ಕಿತು. ಅಷ್ಟು ದೊಡ್ಡ ಗಂಟಲಿಗೆ ಇಷ್ಟು ಕುಳ್ಳಿಯೇನೇ ನೀನು ಅಂದೆ. ಅವಳು ನನ್ನ ಎಡಗಣ್ಣನ್ನೇ ನೋಡುತ್ತಿದ್ದಳು. ಅದರ ಋಣ ನನ್ನ ಮೇಲಿದೆ ಅಂತ ಅತ್ತಳು. ಎರಡನೇ ಕೊಯ್ಲು ಇದೆಯಲ್ಲ, ಅದು ಎಡಗಣ್ಣಿಗೆ, ಸುಮ್ಮನಿರು ಅಂತ ಗದರಿದೆ.

ಎರಡನೇ ಕೊಯ್ಲಿನ ಲವಂಗ ಅಂಗಳದಲ್ಲಿ ಹರಡಿದ್ದ ಒಂದು ಮಧ್ಯಾಹ್ನ, ಮೊದಲ ಸಲ ನಾಲ್ಕನೇ ಮಹಡಿಗೆ ಹತ್ತಿದೆ. ಯುನಿಸಿ ಸಜ್ಜೆ ಗಂಜಿ ಕಾಯಿಸುತ್ತಿದ್ದಳು. ಗೋಡೆಯ ಪಕ್ಕ ಎಂಟು ಬಕೆಟ್ಟು ಭರ್ತಿಯಾಗಿ, ಮುಚ್ಚಳ ಹಾಕಿ ಇದ್ದವು, ಒಂಬತ್ತನೆಯದು ಖಾಲಿಯಾಗಿ ಬಾಗಿಲ ಹತ್ತಿರ ಇತ್ತು, ಆ ಅಭ್ಯಾಸ ಬಿಟ್ಟಿರಲಿಲ್ಲ. ಕಿಟಕಿಗೆ ಹೋದೆ. ಇದ್ದ ಒಂದು ಕಣ್ಣಿಗೆ ಅಷ್ಟೂ ಕಡಲು ಒಟ್ಟಿಗೆ ಬಂತು. ಅಷ್ಟು ದೊಡ್ಡದಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಅಥವಾ ಹೇಳಿದವಳನ್ನು ನಾನು ಗೇಲಿ ಮಾಡಿದ್ದೆ. ಆಚೆಗೆ ತೆಂಗಿನ ಗೆರೆಯ ಹಾಗೆ ಫುಂಡೋ ಕಂಡಿತು. ನೋಡನೋಡುತ್ತಿದ್ದಂತೆ ಅದರ ಒಂದು ತುದಿ ಅಳಿಸಿತು, ಮತ್ತೆ ನಡು, ಮತ್ತೆ ಇನ್ನೊಂದು ತುದಿ. ಆಮೇಲೆ ಅವಳು ಹೇಳಿದ ಹಾಗೆಯೇ, ದೂರದ ದೋಣಿ, ಹತ್ತಿರದ ದೋಣಿ. ಬಿಸಿಲನ್ನು ಸರಿಸಿಕೊಂಡು ಮಳೆ ನೀರಿನ ಮೇಲೆ ನಡೆದು ನಮ್ಮ ಕಡೆಗೇ ಬರುತ್ತಿತ್ತು. ಅಲ್ಲಾಹ್, ಇಷ್ಟು ವರ್ಷ ಇದು ನನ್ನ ಬೆನ್ನ ಹಿಂದೆ ಬರುತ್ತಿತ್ತಲ್ಲ ಅಂದುಕೊಂಡೆ. ಕಾಲು ಕೀಳಲು ಆಗಲಿಲ್ಲ.

ಹಿಂದಿನಿಂದ ಸೌಟು ಬಿದ್ದ ಸದ್ದಾಯಿತು. ಯುನಿಸಿ ನನ್ನ ಭುಜ ಹಿಡಿದು ಎಳೆದಳು.

“ಮಳೆ ಬಂದಾಗ ಬಾಯಿ ಬಿಟ್ಕೊಂಡು ನಿಂತ್ಕೊಳ್ಳಿ ಅಂತ ಹೇಳ್ಕೊಟ್ಟಿದ್ದಾರಾ ನಿಮ್ಮಮ್ಮ? ನಡೀರಿ, ಕೆಳಗೆ ನಿಮ್ಮ ಎಡಗಣ್ಣಿದೆ.”

ಅವಳು ಮುಂದೆ ಓಡಿದಳು, ಕಂಕುಳಲ್ಲಿ, ಮಳೆ ಕಾಯುವವಳ ಹತ್ತಿರವೇ ಇರಲಿ ಅಂತ ನಾನು ಕೊಟ್ಟಿದ್ದ ನನ್ನದೇ ನೀಲಿ ತಾಡಪಾಲು. ಹಿಂದೆ ನಾನು ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದೆ. ಅಂಗಳಕ್ಕೆ ಬಂದು ಚಾಪೆಗೆ ಕೈ ಹಾಕಲು ಹೋದಾಗ ನೋಡುತ್ತೇನೆ, ನನ್ನ ಕೈಯಲ್ಲಿ ಅವಳ ಖಾಲಿ ಬಕೆಟ್ಟು ಇತ್ತು.