ಬಂಡೆಯ ಮೇಲೆ ಅಕ್ಕ ಇಲ್ಲ

ಪೈನ್ ಮರದ ಪರಾಗಕ್ಕೆ ಹಸಿ ಹಿಟ್ಟಿನ ವಾಸನೆ, ಅದರ ಹಿಂದೆ ತುಸು ಜೇನಿನದು. ನಾನು ಚಿಕ್ಕವಳಿದ್ದಾಗ ಮೇ ತಿಂಗಳಲ್ಲಿ ಅಮ್ಮ ಅಂಗಳದಲ್ಲಿ ಬಿಳಿ ಬಟ್ಟೆ ಹಾಸಿ ಪೈನ್ ಹೂಗೊಂಚಲುಗಳನ್ನು ಕೊಡವುತ್ತಿದ್ದಳು. ಹಳದಿ ಪುಡಿ ಅವಳ ಹುಬ್ಬಿನ ಮೇಲೆ, ನನ್ನ ಮೂಗಿನ ಮೇಲೆ, ನೀರಿನ ಜಾಡಿಯ ಮೇಲೆ ಸದ್ದಿಲ್ಲದೆ ಕೂರುತ್ತಿತ್ತು. ಈಗಲೂ ಆ ವಾಸನೆ ಬಂದರೆ ನಾನು ಅರೆನಿದ್ದೆಯಲ್ಲಿ ನಡೆಯುವವಳಂತಾಗುತ್ತೇನೆ.

ಆ ಭಾನುವಾರ ಅಜ್ಜಿಬಂಡೆಯ ಸುತ್ತಲೂ ಅದೇ ವಾಸನೆ. ಸಿಯೋಲ್‌ನ ಕೊನೆಯ ಬಸ್ ನಿಲ್ದಾಣದಿಂದ ಒಂದು ಗಂಟೆ ನಡೆದರೆ ಸಿಗುವ ಬೋಳು ಕಲ್ಲು ಅದು. ಮಲಗಿದ ಮುದುಕಿಯ ಬೆನ್ನಿನಂತೆ ಓರೆಯಾಗಿದೆ. ಕಣಿವೆಯಿಂದ ಗಾಳಿ ಬಂದಾಗಲೆಲ್ಲ ಹಳದಿ ಹೊಗೆಯಂಥದು ಎದ್ದು ಬಂಡೆಯ ಅರ್ಧ ಕಾಣದಾಗುತ್ತಿತ್ತು. ಮೇಲೆ ಹತ್ತುತ್ತಿದ್ದವರು ಮೋಡದೊಳಗೆ ಹೋಗಿ ಕರಗಿದಂತೆ ತೋರುತ್ತಿತ್ತು.

ಬಂಡೆ ಹತ್ತುವ ನಮ್ಮ ಸಂಘದವರು ಇಪ್ಪತ್ತಮೂರು ಜನ ಬಂದಿದ್ದೆವು. ಅವರಲ್ಲಿ ಗಾರಾಮ್ ಹೊಸಬಳು. ಇಪ್ಪತ್ತನಾಲ್ಕು ವರ್ಷ, ದಕ್ಷಿಣದ ಬಂದರು ಊರಿನವಳು; ಇಲ್ಲಿ ಒಬ್ಬಳೇ ಇದ್ದುಕೊಂಡು ಕೃತಕ ಹಲ್ಲುಗಳನ್ನು ತಯಾರಿಸುವ ಕಡೆ ಕೆಲಸ ಮಾಡುತ್ತಿದ್ದಳು. ಹಿರಿಯರೊಬ್ಬರಿಗೆ ಮೊದಲಿಂದ ಕೊನೆಯವರೆಗೆ ಹಗ್ಗ ಹಿಡಿದು ಸುರಕ್ಷಿತವಾಗಿ ಇಳಿಸಿದರೆ ಮಾತ್ರ ಹೊಸಬರು ಸಂಘದವರಾಗುತ್ತಾರೆ. ಅಂದು ಗಾರಾಮ್‌ಳ ಸರದಿ. ಅವಳು ಇಳಿಸಬೇಕಾದ ಹಿರಿಯಳು ನಾನು. "ಈ ನಗರದಲ್ಲಿ ನನಗೆ ಭಾನುವಾರ ಅಂತ ಇರೋದು ನೀವೇ ಮೇಡಂ," ಎಂದು ಬಸ್ಸಿನಲ್ಲಿ ಹೇಳಿದ್ದಳು.

ನಮ್ಮ ನಾಯಕ ಗು ಬೋನ್‌ಚೊಲ್ ಮೂವತ್ತು ವರ್ಷ ನಗರದ ಬಸ್ಸು ಓಡಿಸಿದವನು; ಮೆಲ್ಲಗೆ ಮಾತಾಡುವುದು ಅವನಿಗೆ ತಿಳಿಯದು. "ಕೇಳ್ಸ್ಕೊಳಿ! ಬಂಡೆ ಮೇಲೆ ಅಕ್ಕ ಇಲ್ಲ, ಅಣ್ಣ ಇಲ್ಲ, ಮೇಡಂ ಇಲ್ಲ. ಬರೀ ಹೆಸರು. ಐದು ಹಗ್ಗ ಇಳಿಬಿಟ್ಟಿದೀವಿ. 'ಅಣ್ಣಾ' ಅಂತ ಒಬ್ಬ ಕೂಗಿದ್ರೆ ಹನ್ನೊಂದು ಜನ ತಿರುಗ್ತಾರೆ."

"ನಿಮ್ಮನ್ನೂ ಬೋನ್‌ಚೊಲ್ ಅಂತ ಕರೀಬೇಕಾ ನಾಯಕ್ರೇ?" ಹಿಂದಿನಿಂದ ಯಾರೋ ಕೇಳಿದರು.

"ಬಂಡೆ ಮೇಲೆ ಕರಿ. ಕೆಳಗಿಳಿದ್ಮೇಲೆ ಕರೆದ್ರೆ ಕಾಲು ಮುರೀತೀನಿ."

ಅಜ್ಜಿಬಂಡೆಯಲ್ಲಿ ಸುಲಭದ ದಾರಿಗಳು ಇರುವುದೇ ಐದು. ಎರಡನ್ನು ಬೇರೆಯವರಿಗೆ ಬಿಡಬೇಕೆಂಬುದು ನಮ್ಮದೇ ನಿಯಮ. ಅಂದು ಜನ ಹೆಚ್ಚಾದರೆಂದು ಐದನ್ನೂ ಹಿಡಿದಿದ್ದೆವು. ಬೆಳಗ್ಗೆಯೇ ಒಬ್ಬ ಹೆಂಗಸು ಗಂಡನೊಡನೆ ಬಂದು ನಮ್ಮ ಗದ್ದಲದ ನಡುವೆ ಮೆಲ್ಲಗೆ ಏನೋ ಕೇಳಿದಳು. "ಅರ್ಧ ಗಂಟೆ ತಂಗಿ, ಅಷ್ಟೇ," ಎಂದ ನಾಯಕ, ಪೂರ್ತಿ ಕೇಳಿಸಿಕೊಳ್ಳದೆ. ಆ ಅರ್ಧ ಗಂಟೆ ಎರಡು ಗಂಟೆಯಾಗಿತ್ತು. ಅವರಿಬ್ಬರೂ ಹಗ್ಗ ಸುತ್ತಿಟ್ಟು, ಚರ್ಮದ ಕೈಗವಸು ತೊಟ್ಟು, ಪೈನ್ ಮರದಡಿ ಕೂತಿದ್ದರು. ನಾನು ನೋಡಿದ್ದೆ, ಹೇಳಬೇಕಾಗಿತ್ತು, ಹೇಳಲಿಲ್ಲ.

ಗಾರಾಮ್ ನನ್ನ ಸೊಂಟಪಟ್ಟಿಯ ಗಂಟನ್ನು ಎರಡು ಸಲ ನೋಡಿದಳು. "ನಿಮ್ಮ ಹೆಸರು ಹಿಡಿದು ಹೇಗೆ ಕೂಗ್ಲಿ ಮೇಡಂ? ನಾಲಿಗೇನೇ ಏಳಲ್ಲ. ನಿಮ್ದು ನಮ್ಮಜ್ಜಿ ವಯಸ್ಸು."

"ಅಜ್ಜೀನಾ?"

"ಅಯ್ಯೋ, ಹಾಗಲ್ಲ! ಅಕ್ಕ... ಅಕ್ಕ ಅಂತ ಕರೀಲಾ?"

ಅರವತ್ತೇಳರಲ್ಲಿ ಅಕ್ಕ ಎನಿಸಿಕೊಳ್ಳುವ ಆಸೆ ನನ್ನನ್ನು ಕೆಡಿಸಿತು. ನನ್ನ ಹೆಸರೂ ನನಗೆ ಇಷ್ಟವಿರಲಿಲ್ಲ. ಪಿಲ್ನಾಮ್ ಎಂದರೆ 'ಮುಂದಿನದು ಗಂಡೇ ಆಗಲಿ' ಎಂದು. ಮೂರನೆಯ ಹೆಣ್ಣಿಗೆ ಅಪ್ಪ ಇಟ್ಟದ್ದು. ಶಾಲೆಯಲ್ಲಿ ಭೂಗೋಳದ ಮೇಡಂ ಆದ ಮೇಲೆ ಆ ಹೆಸರಿನಿಂದ ಯಾರೂ ಕರೆದಿರಲಿಲ್ಲ. "ಸರಿ, ಅಕ್ಕ ಅಂತಲೇ ಕರಿ. ನಾಯಕನಿಗೆ ಮಾತ್ರ ಹೇಳ್ಬೇಡ," ಎಂದು ಪಿಸುಗುಟ್ಟಿದೆ.

ಹತ್ತಿದೆ. ಕಲ್ಲು ಬೆಚ್ಚಗಿತ್ತು. ನಡುವೆ ಒಂದು ಉಬ್ಬು ದಾಟಿದ ಮೇಲೆ ಕೆಳಗಿನವರು ಕಾಣುವುದಿಲ್ಲ. ಹಳದಿ ಗಾಳಿಯಲ್ಲಿ ದನಿಗಳು ಮಾತ್ರ ತೇಲಿ ಬರುತ್ತವೆ, ಯಾವುದು ಯಾರದೆಂದು ಗೊತ್ತಾಗದೆ. ತುದಿಯಲ್ಲಿ ಕಬ್ಬಿಣದ ಬಳೆಯಿದೆ. ಅದಕ್ಕೆ ಚಿಕ್ಕ ಪಟ್ಟಿಯಿಂದ ನನ್ನನ್ನು ಕಟ್ಟಿಕೊಂಡು "ಆಯ್ತು!" ಎಂದು ಕೂಗಿದೆ. ಆಗ ಕೆಳಗಿನವರು ಹಗ್ಗವನ್ನು ತಮ್ಮ ಸೊಂಟದ ಹಿಡಿಕೆಯಿಂದ, ಅಂದರೆ ಹಗ್ಗ ಜಾರದಂತೆ ತಡೆಯುವ ಕೊಂಡಿಯಿಂದ, ಬಿಡಿಸುತ್ತಾರೆ. ನಾನು ಅದನ್ನು ಬಳೆಯೊಳಗೆ ತೂರಿಸಿ "ಹಿಡಿ" ಎಂದ ಮೇಲೆ, ಅವರು ಮತ್ತೆ ಹಿಡಿಕೆಗೆ ಹಾಕಿ "ಹಿಡಿದಿದ್ದೇನೆ" ಎನ್ನಬೇಕು. ಆಮೇಲಷ್ಟೇ ಪಟ್ಟಿ ಬಿಚ್ಚುವುದು.

ತೂರಿಸಿದೆ. "ಹಿಡಿ!" ಎಂದೆ.

"ಅಕ್ಕಾ, ಹಿಡ್ದಿದೀನಿ, ಇಳೀರಿ!" ಎಂದು ಎಳೆಯ ದನಿಯೊಂದು ತೇಲಿ ಬಂತು.

ಪಟ್ಟಿ ಬಿಚ್ಚಿ ಹಿಂದಕ್ಕೆ ವಾಲಿದೆ. ನನ್ನ ಭಾರ ಯಾರ ಕೈಗೂ ಸಿಗಲಿಲ್ಲ. ಕನಸಿನಲ್ಲಿ ಮೆಟ್ಟಿಲು ತಪ್ಪುತ್ತದಲ್ಲ, ಹಾಗೆ. ಬಂಡೆ ನನ್ನ ಎದೆಯ ಕೆಳಗಿಂದ ಮೇಲಕ್ಕೆ ನದಿಯಂತೆ ಹರಿಯಿತು. ಹೆದರಿಕೆಯೂ ಆಗಲಿಲ್ಲ, ಕಲ್ಲಿನ ಮೇಲಿನ ಹಳದಿ ಪುಡಿಯಲ್ಲಿ ನನ್ನ ಬೆರಳುಗಳು ಹತ್ತು ಗೆರೆ ಎಳೆಯುವುದನ್ನು ನೋಡುತ್ತಿದ್ದೆ. ಮೂರಾಳು ಉದ್ದ ಜಾರಿದೆ. ಆಮೇಲೆ ಸೊಂಟದಲ್ಲಿ ಒಂದು ಜಗ್ಗು. ನಿಂತೆ.

ಕೆಳಗೆ ನಡೆದದ್ದು ಆಮೇಲೆ ತಿಳಿಯಿತು. ಪಕ್ಕದ ಹಗ್ಗದ ಹುಡುಗಿ ಬಾಯಿತಪ್ಪಿ ತನ್ನ ಅಕ್ಕನಿಗೆ ಕೂಗಿದ್ದಳು. ಗಾರಾಮ್ ಬಾಯಿಯನ್ನೇ ತೆರೆದಿರಲಿಲ್ಲ. ಹಗ್ಗವನ್ನು ಇನ್ನೂ ಹಿಡಿಕೆಗೆ ಹಾಕುತ್ತಿದ್ದಳು. ಅದು ಸರಸರನೆ ಓಡತೊಡಗಿದಾಗ ಅವಳು ಎರಡೂ ಕೈಯಿಂದ ಹಿಡಿದು ಮುಂದಕ್ಕೆ ಬಿದ್ದಳು. ಮರದಡಿ ಕೂತಿದ್ದ ಆ ಹೆಂಗಸು ಜಿಗಿದು ಬಂದು, ಕೈಗವಸು ತೊಟ್ಟ ಕೈಯಿಂದ ಹಗ್ಗವನ್ನು ತನ್ನ ಸೊಂಟಕ್ಕೆ ಸುತ್ತಿ ಕೂತುಬಿಟ್ಟಳು. ಹೆಸರು ಇನ್‌ಸುಕ್. ಇಬ್ಬರೂ ಸೇರಿ ನನ್ನನ್ನು ಇಳಿಸಿದರು.

ನಾಯಕನ ಮುಖ ಕೆಂಪಗಾಗಿತ್ತು. "ನಿನ್ನ ಕೈಗೆ ಹಗ್ಗ ಕೊಟ್ಟಿದ್ದೇ ನನ್ನ ತಪ್ಪು. ಬಿಚ್ಚಿಡು. ಮನೆಗೆ ನಡಿ."

ಗಾರಾಮ್ ಸೊಂಟಪಟ್ಟಿಯನ್ನು ಬಿಚ್ಚತೊಡಗಿದಳು. ಇನ್‌ಸುಕ್ ಅವಳ ಕೈಯನ್ನು ತನ್ನ ಕೈಯಲ್ಲಿ ಮುಚ್ಚಿ ಹಿಡಿದಳು, ಬಿಚ್ಚಲು ಬಿಡದೆ.

"ಬೋನ್‌ಚೊಲ್," ಎಂದೆ ನಾನು. ಎಲ್ಲರೂ ತಿರುಗಿದರು. "ಅವಳಿಗೆ ಅಕ್ಕ ಅಂತ ಕರಿ ಅಂದೋಳು ನಾನು. ಕೇಳಕ್ಕೆ ಚೆನ್ನಾಗಿತ್ತು, ಅದಕ್ಕೆ. ಪಿಲ್ನಾಮ್ ಅನ್ನೋ ಮಾತಿಗೆ ಕಾದಿದ್ರೆ ನಾನು ಪಟ್ಟಿ ಬಿಚ್ತಾನೇ ಇರ್ಲಿಲ್ಲ. ಹಗ್ಗ ಜಗ್ಗಿ ನೋಡೋದನ್ನೂ ಮರ್ತೆ. ಮನೆಗೆ ಹೋಗ್ಬೇಕಾದೋಳು ಅವಳಲ್ಲ."

"ಏನಕ್ಕಾ ಇದು, ನೀವೇ ಹಿಂಗ್ ಮಾಡಿದ್ರೆ..." ಎಂದವನು ತಾನೇ ಅಕ್ಕ ಎಂದದ್ದು ಅರಿವಾಗಿ ನಿಲ್ಲಿಸಿದ. ಯಾರೋ ಕಿಸಕ್ಕನೆ ನಕ್ಕರು. ಅವನು ಟೋಪಿ ತೆಗೆದು ಇನ್‌ಸುಕ್‌ಳಿಗೆ ಬಾಗಿದ. "ಎರಡು ಗಂಟೆ ಕಾಯಿಸಿದೀವಿ. ಮತ್ತೊಂದ್ಸಲ ಕೇಳಬಾರ್ದಾಗಿತ್ತಾ ತಂಗಿ?"

"ಮೂರು ಸಲ ಕೇಳಿದೆ ಅಣ್ಣ. ನಿಮ್ಮ ಗಲಾಟೇಲಿ ಎಲ್ಲಿ ಕೇಳ್ಸತ್ತೆ?"

ನಿಯಮದ ಎರಡಷ್ಟೇ ಅಲ್ಲ, ನಮ್ಮ ಮೂರು ಹಗ್ಗಗಳನ್ನು ಕೆಳಗಿಳಿಸಿ ದಾರಿ ಬಿಟ್ಟೆವು. ನಾವು ಚೀಲಗಳನ್ನು ಬಂಡೆಯ ಬುಡದಿಂದ ದೂರ, ದಾರಿಗೆ ಅಡ್ಡವಾಗದ ಕಡೆ ಸಾಗಿಸಿದೆವು. ದನಿಗಳು ತಗ್ಗಿದವು, ಹಕ್ಕಿಯೊಂದು ಬಹಳ ಹೊತ್ತಿನಿಂದ ಕೂಗುತ್ತಿದ್ದದ್ದು ಆಗ ಕೇಳಿಸಿತು.

"ನಾನು ಮತ್ತೆ ಹತ್ತುತ್ತೀನಿ. ಇವಳೇ ಹಿಡೀಲಿ," ಎಂದೆ. ನಾಯಕ ಬಂಡೆಯ ಕಡೆ ನೋಡಿ, ಹೂಂ ಎಂದು ತಲೆಯಾಡಿಸಿದ.

ಮೇಲೆ ನನ್ನ ಹತ್ತು ಗೆರೆಗಳು ಹಾಗೇ ಇದ್ದವು. ಹೊಸ ಪರಾಗ ಅವನ್ನು ಮುಚ್ಚುತ್ತಿತ್ತು. ಹಗ್ಗ ತೂರಿಸಿದೆ. "ಗಾರಾಮ್, ಹಿಡಿ!" ಎಂದೆ. ಕಾದೆ. ಗಾಳಿ ಬಂತು, ಹೋಯಿತು.

"ಪಿಲ್ನಾಮ್!" ಇಡೀ ಕಣಿವೆಗೆ ಕೇಳುವ ಹಾಗೆ. "ಪಿಲ್ನಾಮ್, ಹಿಡ್ದಿದೀನಿ!"

ಯಾವ ಗಂಡುಮಗುವಿನ ಹಾರೈಕೆಯೂ ಅದರಲ್ಲಿರಲಿಲ್ಲ. ನನ್ನನ್ನೇ, ನನ್ನೊಬ್ಬಳನ್ನೇ ಕರೆದ ದನಿ. ಹಗ್ಗ ಜಗ್ಗಿದೆ, ಬಿಗಿಯಿತ್ತು. ಭಾರ ಬಿಟ್ಟು ನೋಡಿದೆ, ಹೊತ್ತಿತು. ಪಟ್ಟಿ ಬಿಚ್ಚಿ, ಹಳದಿ ಬೆಳಕಿನೊಳಗೆ ಮೆಲ್ಲಗೆ ಇಳಿದೆ.

"ತಪ್ಪಾಯ್ತು ಮೇಡಂ, ತುಂಬಾ ಗಟ್ಟಿಯಾಗಿ ಕೂಗ್ಬಿಟ್ಟೆ," ಎಂದಳು ಗಾರಾಮ್, ಬಾಯಿಗೆ ಕೈ ಅಡ್ಡ ಹಿಡಿದು. ಅವಳ ರೆಪ್ಪೆಗಳ ಮೇಲೆಲ್ಲ ಪರಾಗ.

ಇನ್‌ಸುಕ್ ಮತ್ತು ಅವಳ ಗಂಡ ನಡುವಿನ ದಾರಿಯಲ್ಲಿ ಹತ್ತತೊಡಗಿದ್ದರು. ನಾವು ಮರಗಳ ಆಚೆ ಊಟಕ್ಕೆ ಕೂತೆವು. ಗಾರಾಮ್ ಸುತ್ತಿದ ಹಗ್ಗವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಸರದಲ್ಲಿ ಊಟ ತಂದಿರಲಿಲ್ಲವೆಂದು ಕಾಣುತ್ತದೆ. ನಾಯಕ ಎದ್ದು ಬಂದ. ಅವಳ ಮಡಿಲಿನಿಂದ ಹಗ್ಗವನ್ನೆತ್ತಿ ಪಕ್ಕಕ್ಕಿಟ್ಟು, ತನ್ನ ಅನ್ನದ ಡಬ್ಬಿಯ ಮುಚ್ಚಳ ತೆಗೆದು, ಅಡ್ಡಲಾಗಿ ಊಟದ ಕಡ್ಡಿಗಳನ್ನಿಟ್ಟು, ಹಿರಿಯರಿಗೆ ಕೊಡುವ ಹಾಗೆ ಎರಡೂ ಕೈಯಿಂದ ಅವಳಿಗೆ ಕೊಟ್ಟ.