ಮೂರೂವರೆ ಲೀಟರ್ ಮುನಿಸು

ಅಣ್ಣತಮ್ಮಂದಿರು ಮಾತು ಬಿಡುವುದಕ್ಕೆ ಆಸ್ತಿಯೇ ಬೇಕು, ಅಡ್ಡಗೋಡೆಯೇ ಬೇಕು ಅಂತ ಯಾರು ಹೇಳಿದರು? ಇವರಿಬ್ಬರಿಗೆ ಮೂರೂವರೆ ಲೀಟರ್ ಎಂಜಿನ್ ಆಯಿಲ್ ಸಾಕಾಯಿತು.

ಮನೆ ಒಂದೇ. ಕೆಳಗೆ ಅಣ್ಣ, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮೇಲೆ ತಮ್ಮ, ಔಷಧಿ ಅಂಗಡಿಯವನು. ಇಬ್ಬರಿಗೂ ಸೇರಿ ಒಂದು ಹಳೇ ಕಾರು, ಅದರ ಕೀಲಿಗೆ ಮೆಟ್ಟಿಲ ಬುಡದಲ್ಲಿ ಒಂದು ಮೊಳೆ. ಕಾರಿನ ಆಯಿಲ್ ಬದಲಿಸುವುದು ಮೊದಲಿನಿಂದಲೂ ಅಣ್ಣನ ಕೆಲಸ. ಭಾನುವಾರ ಹರಕಲು ಅಂಗಿ ತೊಟ್ಟು ಕಾರಿನ ಕೆಳಗೆ ನುಸುಳಿದನೆಂದರೆ ಅಲ್ಲಿ ಅವನೇ ರಾಜ. ತಮ್ಮ ಟಾರ್ಚು ಹಿಡಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬೈಸಿಕೊಳ್ಳಬೇಕು. "ಬೆಳಕು ಬೋಲ್ಟಿಗೆ ಬಿಡೋ, ನನ್ನ ಮೂಗಿಗಲ್ಲ!" ವರ್ಷಗಟ್ಟಲೆ ಹೀಗೇ ನಡೆದಿತ್ತು. ಹೋದ ಸಲ ತಮ್ಮನಿಗೆ ಅದೇನು ಬುದ್ಧಿ ಬಂತೋ, ಅಣ್ಣನಿಗೇಕೆ ಸುಮ್ಮನೆ ತೊಂದರೆ ಅಂತ ಕಾರನ್ನು ಗ್ಯಾರೇಜಿಗೆ ಬಿಟ್ಟು ಆಯಿಲ್ ಹಾಕಿಸಿಕೊಂಡು ಬಂದ. ಮಾರನೆಯ ದಿನ ಅಣ್ಣ ಹರಕಲು ಅಂಗಿ ತೊಟ್ಟು ಸ್ಪ್ಯಾನರ್ ಹಿಡಿದು ಹೊರಗೆ ಬಂದರೆ ಕೆಲಸ ಆಗಿಹೋಗಿದೆ! "ಓಹೋ, ನನ್ನ ಕೈ ಸಾಲದಾಯ್ತು ಅನ್ನು," ಎಂದವನೇ ಒಳಗೆ ಹೋದ. ಅವತ್ತು ಬಾಯಿಗೆ ಬಿದ್ದ ಬೀಗ ಎಂಟು ತಿಂಗಳಾದರೂ ತೆಗೆದಿರಲಿಲ್ಲ.

ಮೇಷ್ಟ್ರ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುವಂಥದ್ದು, ಒಪ್ಪೋಣ. ಆದರೆ ಬಂದಷ್ಟೇ ಬೇಗ ಇಳಿಯುತ್ತಿತ್ತು. ಈ ಸಲ ಇಳಿಯಲೇ ಇಲ್ಲ. ತಮ್ಮನ ಹೆಂಡತಿಯ ಜೊತೆ ಮಾತುಂಟು, ತಮ್ಮನ ಮಗಳ ಜೊತೆ ನಗುವೂ ಉಂಟು. ತಮ್ಮ ಎದುರಿಗೆ ಬಂದರೆ ಮಾತ್ರ ಅಣ್ಣನಿಗೆ ಗೋಡೆಯ ಮೇಲಿನ ಹಲ್ಲಿ ಬಹಳ ಮುಖ್ಯವಾಗಿಬಿಡುತ್ತಿತ್ತು. ಬೀದಿಯವರು ಎಣ್ಣೆ ಸೀಗೇಕಾಯಿ ಅಂತ ಆಡಿಕೊಂಡರು. ತಮ್ಮನಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ ಅಂದರೆ, ಮೀಸೆ ನರೆತ ಗಂಡಸಿಗೆ ಇದೇನು ರೋಗ ಅಂತ ನೀವು ನಗಬಹುದು. ನಗಿ. ಆದರೆ ಅದು ನಿಜ. ತಪ್ಪಾಯ್ತು ಅನ್ನಬೇಕೆಂದು ಎಷ್ಟೋ ಸಲ ಮೆಟ್ಟಿಲಿಳಿದು ಬಂದು, ಎರಡು ಸಲ ಕೆಮ್ಮಿ, ಕೀಲಿ ತೆಗೆದುಕೊಂಡು ಹೊರಟುಹೋಗಿದ್ದ.

ಗುರುವಾರ ಮಗಳನ್ನು ದೂರದ ಊರಿನ ಕಾಲೇಜಿಗೆ ಸೇರಿಸಿ ಬರಬೇಕು. ಅಪ್ಪನೂ ದೊಡ್ಡಪ್ಪನೂ ಮುಖ ನೋಡದ ಮನೆಯಿಂದ ಆ ಹುಡುಗಿ ಹೊರಡುವುದು ಅವನಿಗೆ ಬೇಡವಾಗಿತ್ತು. ಅದಕ್ಕೇ ಈ ಭಾನುವಾರ ತಾನೇ ಆಯಿಲ್ ಬದಲಿಸುವುದೆಂದು ತೀರ್ಮಾನಿಸಿದ. ಗ್ಯಾರೇಜಿನ ಸಹವಾಸ ಬಿಟ್ಟೆ, ನಿನ್ನ ದಾರಿಗೇ ಬಂದೆ ಅಂತ ಅಣ್ಣನಿಗೆ ಕಾಣಬೇಕು. ಕಂಡು ಅಣ್ಣ ಬಾಯಿ ಬಿಡಬೇಕು. ಬೈದರೂ ಸೈ.

ಬೆಳಗ್ಗೆ ತಿಂಡಿ ಮುಗಿಸಿ ಕಾರನ್ನು ಅಣ್ಣನ ಕಿಟಕಿಯ ಎದುರಿಗೇ ತಂದು, ಮುಂದಿನ ಚಕ್ರಗಳನ್ನು ಮರದ ದಿಮ್ಮಿಗಳ ಮೇಲೆ ಹತ್ತಿಸಿ, ಹಿಂದಿನ ಚಕ್ರಗಳಿಗೆ ಇಟ್ಟಿಗೆ ಕೊಟ್ಟ. ಹೊಸ ಆಯಿಲ್ ಡಬ್ಬದ ಮೇಲೆ ಬರೆದದ್ದನ್ನೆಲ್ಲ ಔಷಧಿಯ ಚೀಟಿ ಓದುವ ಶ್ರದ್ಧೆಯಿಂದ ಓದಿದ. ಊಟಕ್ಕೆ ಮೊದಲೋ ಆಮೇಲೋ ಅಂತ ಒಂದನ್ನು ಬಿಟ್ಟು ಎಲ್ಲವೂ ಅದರಲ್ಲಿತ್ತು. ಹೆಂಡತಿ ಕಾಣದ ಹಾಗೆ ಬಟ್ಟೆ ನೆನೆಸುವ ಬೇಸಿನ್ನು ಎತ್ತಿಕೊಂಡು ಬಂದು ಎಂಜಿನ್ ಕೆಳಗಿಟ್ಟ. ಬಾಗಿಲ ಮೆಟ್ಟಿಲಲ್ಲಿ ಅತ್ತಿಗೆ ಬಟಾಣಿ ಸುಲಿಯುತ್ತ ಕೂತಿದ್ದಳು. ಕಿಟಕಿಯ ಒಳಗೆ ಪೇಪರ್ ಮಡಚಿದ ಸದ್ದಾಯಿತು.

"ಇವಳೇ, ಕಾರಿನ ಹತ್ರ ಇರೋರಿಗೆ ಹೇಳು," ಎಂದಿತು ಕಿಟಕಿ. "ಮೋಡ ಆಗಿದೆ, ಇವತ್ತು ಬೇಡ ಅಂತ."

ಅತ್ತಿಗೆ ತಲೆಯೆತ್ತಿ ನೋಡಿದಳು. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. "ಮೋಡ ಆಗಿದೆಯಂತಪ್ಪಾ. ನನ್ನ ಕಣ್ಣಿಗಂತೂ ಕಾಣ್ತಿಲ್ಲ."

"ಇರಲಿ ಅಂತ ಹೇಳಿ ಅತ್ತಿಗೆ. ಕಾರಿನ ಕೆಳಗೆ ಮಲಗೋನಿಗೆ ಮಳೆ ಏನು ಮಾಡುತ್ತೆ?"

"ಎಂಟು ತಿಂಗಳಿಗೆಲ್ಲ ಯಾರಾದ್ರೂ ಆಯಿಲ್ ಬದಲಿಸ್ತಾರಾ ಅಂತ ಕೇಳು! ಇನ್ನೂ ಚೆನ್ನಾಗಿರುತ್ತೆ, ಮುಟ್ಟಬೇಡ ಅಂತ ಹೇಳು!"

ತಮ್ಮನಿಗೆ ಎದೆ ಚುಳ್ ಎಂದಿತು. ಆರು ತಿಂಗಳಿಗೆ ಒಂದು ದಿನ ಹೆಚ್ಚಾದರೂ ಮನೆಯನ್ನು ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದ ಅಣ್ಣ ಆಡುವ ಮಾತೇ ಇದು? ಅಂದರೆ ಇವನ ಕೈಯಲ್ಲಿ ಆಗುವುದಿಲ್ಲ ಅಂತ ಲೆಕ್ಕ. ಆಗಲಿ, ತೋರಿಸಿಯೇಬಿಡುತ್ತೇನೆ ಎಂದುಕೊಂಡು ಹರಕು ಚಾಪೆಯ ಮೇಲೆ ಅಂಗಾತ ಮಲಗಿ ಒಳಗೆ ಜರುಗಿದ. ಹೊಟ್ಟೆ ಸ್ವಲ್ಪ ತಕರಾರು ಮಾಡಿತು. ಉಸಿರು ಬಿಟ್ಟು, ಹೊಟ್ಟೆಯನ್ನು ಒಪ್ಪಿಸಿ, ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಳೆದ. ಬೋಲ್ಟು ಜಪ್ಪಯ್ಯ ಅನ್ನಲಿಲ್ಲ. ಹಲ್ಲು ಕಚ್ಚಿ ಎಳೆದ. ದೇವರನ್ನು ನೆನೆದು ಎಳೆದ. ಬೆವರು ಕಿವಿಯೊಳಗೆ ಇಳಿಯಿತು. ಒಳಗೆ ಮಾತ್ರ ಈಗ ಯಾವ ತಕರಾರೂ ಇಲ್ಲ, ನೆಮ್ಮದಿಯಾಗಿ ಪೇಪರ್ ಮಗುಚುವ ಸದ್ದು.

"ಆ ಕಡೆಗಲ್ಲ ಕಣಪ್ಪಾ," ಎಂದಳು ಅತ್ತಿಗೆ, ಬಟಾಣಿಯಿಂದ ತಲೆ ಎತ್ತದೆ. "ಬಿಗಿ ಮಾಡ್ತಾ ಇದೀಯ. ಇನ್ನೊಂದು ಕಡೆಗೆ ತಿರುಗಿಸು."

"ನಿನ್ನ ಕೆಲಸ ನೀನು ನೋಡ್ಕೊಳ್ಳೇ!" ಕಿಟಕಿ ಗುಡುಗಿತು. "ಬಟಾಣಿ ಸುಲಿ!"

"ಸುಲಿದಾಯ್ತು," ಎಂದು ಅತ್ತಿಗೆ ಎದ್ದು ಸೀರೆ ಕೊಡವಿದಳು. "ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ. ನಿಮ್ಮಿಬ್ಬರ ಜಗಳದಲ್ಲಿ ನನ್ನ ಗಂಟಲು ಬಡವಾಯ್ತು. ಏನಿದ್ರೂ ಇನ್ಮೇಲೆ ನೀವೇ ಹೇಳ್ಕೊಳ್ಳಿ." ಹೋಗುವಾಗ ಬಗ್ಗಿ ಕಾರಿನ ಕೆಳಗೆ ಒಂದು ಸಲ ಇಣುಕಿ, "ಜೋರಾಗಿ ತಿರುಗಿಸು, ಹೆದರಬೇಡ," ಎಂದು ಪಿಸುಗುಟ್ಟಿ ಒಳಗೆ ಹೋದಳು.

ತಮ್ಮ ಇನ್ನೊಂದು ಕಡೆಗೆ ತಿರುಗಿಸಿದ. ಬೋಲ್ಟು ಕಿರ್ ಎಂದಿತು. ಕಿಟಕಿಯಲ್ಲಿ ಕುರ್ಚಿಯೂ ಕಿರ್ ಎಂದಿತು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನು ನುಂಗಲಾರದೆ ಉಗುಳಲಾರದೆ ಮಾಡುವಂಥ ಒಂದು ಸದ್ದು ಒಳಗಿನಿಂದ ಬಂತು. ಅಷ್ಟರಲ್ಲಿ ಬೋಲ್ಟು ಕಳಚಿ ಬೇಸಿನ್ನಿಗೆ ಬಿದ್ದು, ಅದರ ಹಿಂದೆಯೇ ಆಯಿಲ್ ಸುರಿಯತೊಡಗಿತು. ಅರ್ಧ ಬೇಸಿನ್ನಿಗೆ, ಅರ್ಧ ಅವನ ತೋಳಿಗೆ.

ಸುರಿದದ್ದನ್ನು ನೋಡಿ ಅವನಿಗೆ ಆಶ್ಚರ್ಯವಾಯಿತು. ಅಣ್ಣ ತೆಗೆಯುವಾಗ ಹಳೇ ಆಯಿಲ್ ಯಾವಾಗಲೂ ಡಾಂಬರಿನ ಹಾಗೆ ಕಪ್ಪಗಿರುತ್ತಿತ್ತು. ಇದು ಜೇನುತುಪ್ಪದ ಬಣ್ಣ! ಬೆರಳಿಗೆ ಹಚ್ಚಿ ನೋಡಿದ, ಬೆರಳ ಗೆರೆಗಳೆಲ್ಲ ಕಾಣಿಸಿದವು. ಎಂಟು ತಿಂಗಳು ಓಡಿದ ಆಯಿಲ್ ಹೀಗಿರುವುದುಂಟೇ? ಮನಸ್ಸಿಗೆ ಬಂದದ್ದು ಬಾಯಿಂದ ಜಾರಿಹೋಯಿತು.

"ಅಬ್ಬಬ್ಬಾ! ಏನು ಆಯಿಲ್ ಹಾಕಿದಾರಪ್ಪಾ! ಗ್ಯಾರೇಜಿನವರದು ಅಂದ್ರೆ ಗ್ಯಾರೇಜಿನವರದೇ!"

ನಾಲಗೆ ಕಚ್ಚಿಕೊಂಡ. ಹೊತ್ತು ಮೀರಿತ್ತು. ಒಳಗೆ ಕುರ್ಚಿ ಬಿತ್ತು, ಬಾಗಿಲು ಬಡಿಯಿತು, ಬರಿಗಾಲು ಧಪಧಪನೆ ಓಡಿ ಬಂತು. ಕಾರಿನ ಅಂಚಿನಲ್ಲಿ ಅಣ್ಣನ ಮುಖ ಪಕ್ಕಕ್ಕೆ ವಾಲಿ, ಕೆಂಪಾಗಿ ಪ್ರತ್ಯಕ್ಷವಾಯಿತು.

"ಗ್ಯಾರೇಜಂತೆ ಗ್ಯಾರೇಜು! ನನ್ನದು ಕಣೋ ಅದು, ಕತ್ತೆ! ಹೋದ ಭಾನುವಾರ ನಾನು ಹಾಕಿದ್ದು! ನೀವೆಲ್ಲ ಸೂಟ್‌ಕೇಸ್ ತರೋಕೆ ಬಸ್ಸಲ್ಲಿ ಪೇಟೆಗೆ ಹೋಗಿದ್ರಲ್ಲ, ಆಗ! ಬಂಗಾರದಂಥ ಆಯಿಲ್ ನೆಲಕ್ಕೆ ಚೆಲ್ತಾ ಇದಾನೆ ನೋಡು! ಅಯ್ಯೋ, ಆ ಫಿಲ್ಟರ್ ಮುಟ್ಟಬೇಡ್ವೋ, ಅದೂ ಹೊಸದು, ಮುಟ್ಟಿದ್ರೆ ಕೈ ಮುರೀತೀನಿ!"

ತಮ್ಮ ಮಿಸುಕಲಿಲ್ಲ. ಆಯಿಲ್ ತೋಳಿನಿಂದ ಕಂಕುಳಿಗೆ ಇಳಿಯುತ್ತಿತ್ತು. ಎಂಟು ತಿಂಗಳಿಂದ ತನ್ನ ಕಡೆ ತಿರುಗದ ಮುಖ ಮೊಳದ ದೂರದಲ್ಲಿ ತನ್ನನ್ನೇ ನೋಡಿಕೊಂಡು ಬೈಯುತ್ತಿದೆ. ಇಷ್ಟು ಚೆಂದದ ಬೈಗುಳವನ್ನು ಅವನು ಕೇಳಿಯೇ ಇರಲಿಲ್ಲ.

"ನೀನು ಯಾಕಣ್ಣಾ ಹಾಕಿದ್ದು?" ಎಂದ, ಸಣ್ಣ ದನಿಯಲ್ಲಿ.

"ಯಾಕೆ ಅಂದ್ರೆ? ಮಗು ಅಷ್ಟು ದೂರ ಹೋಗ್ತಿದೆ. ದಾರೀಲಿ ಕಾರು ಕೆಟ್ಟು ನಿಂತ್ರೆ? ನಿನಗೆ ಬಾನೆಟ್ ತೆಗೆಯೋಕೂ ಸರಿಯಾಗಿ ಬರಲ್ಲ!"

"ಒಂದು ಮಾತು ಹೇಳಬಾರದಿತ್ತಾ?"

"ಹೇಳೋಕೆ ಮಾತಾಡಬೇಕಲ್ಲೋ!" ಎಂದು ಅಬ್ಬರಿಸಿದ ಅಣ್ಣ ಅಲ್ಲಿಗೆ ನಿಂತ. ತಾನು ಇಷ್ಟು ಹೊತ್ತೂ ಮಾಡುತ್ತಿರುವುದು ಅದನ್ನೇ ಎಂದು ಅವನಿಗೆ ಆಗ ತಿಳಿಯಿತು. ಹಲ್ಲಿ ಹುಡುಕಲು ಅಲ್ಲಿ ಗೋಡೆಯೂ ಇರಲಿಲ್ಲ, ಬರೀ ಟೈರು. ಟೈರನ್ನೇ ನೋಡಿದ.

"ತಪ್ಪಾಯ್ತಣ್ಣಾ," ಎಂದ ತಮ್ಮ. ಇಷ್ಟು ದಿನ ಮೆಟ್ಟಿಲ ಬುಡದಲ್ಲಿ ಸಿಕ್ಕಿಕೊಂಡಿದ್ದ ಮಾತು ಕಾರಿನ ಕೆಳಗೆ ಸಲೀಸಾಗಿ ಬಂತು. ಕಣ್ಣು ತುಂಬಿತು. ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಆಯಿಲ್ ಬಳಿದುಕೊಂಡ.

"ಮೊದ್ಲು ಬೋಲ್ಟ್ ಹಾಕು. ಅಳೋದು ಆಮೇಲೆ," ಎಂದ ಅಣ್ಣ. ಬೇಸಿನ್ನನ್ನು ಎಳೆದು ನೋಡಿ ಹಣೆ ಚಚ್ಚಿಕೊಂಡ. "ತಳದಲ್ಲಿ ಸೋಪಿನ ಪುಡಿ! ವಾಪಸ್ ಹಾಕೋ ಹಾಗೂ ಇಲ್ಲ. ನೀನು ತಂದಿರೋ ಡಬ್ಬ ಕೊಡು. ಸರಿಯಾದ್ದನ್ನಾದ್ರೂ ತಂದಿದೀಯೋ ಇಲ್ಲವೋ, ದೇವರೇ ಬಲ್ಲ."

ಸರಿಯಾದದ್ದನ್ನೇ ತಂದಿದ್ದ. ಮೇಷ್ಟ್ರಿಗೆ ಅದರಿಂದ ಸ್ವಲ್ಪ ನಿರಾಸೆಯಾಯಿತು. ಇಬ್ಬರೂ ಸೇರಿ ಬೋಲ್ಟ್ ಬಿಗಿದು ಆಯಿಲ್ ಸುರಿದರು. ಎಂಜಿನ್ ಓಡಿಸಿ, ನಿಲ್ಲಿಸಿ, ಕಾರನ್ನು ದಿಮ್ಮಿಯಿಂದ ಇಳಿಸಿ ಅಳತೆಯ ಕಡ್ಡಿ ಎತ್ತಿ ನೋಡಿದರು. ಮೇಲೆ ತಮ್ಮನ ಹೆಂಡತಿ ಬೇಸಿನ್ನಿಗಾಗಿ ಮನೆಯೆಲ್ಲ ಹುಡುಕುತ್ತಿದ್ದಳು. ಅಡುಗೆಮನೆಯಿಂದ ಅತ್ತಿಗೆ ಯಾವುದೋ ಹಾಡು ಗುನುಗುವುದು ಕೇಳಿಸುತ್ತಿತ್ತು.

ಅಣ್ಣ ಕೈಯೊರೆಸಿಕೊಳ್ಳುತ್ತ ಕೇಳಿದ, "ಗುರುವಾರ ಎಷ್ಟು ಹೊತ್ತಿಗೆ ಹೊರಡೋದು?"

"ಆರಕ್ಕೆ ಅಂತಿದೀನಣ್ಣಾ."

"ಆರಕ್ಕೆ ಹೊರಟ್ರೆ ಉದ್ಧಾರ! ಐದಕ್ಕೆ ಹೊರಡೋಣ. ಮಗು ಹಿಂದೆ ಕೂತ್ಕೊಳ್ಳಲಿ, ನಾನು ಮುಂದೆ, ನಿನ್ನ ಪಕ್ಕ. ನೀನು ಓಡಿಸೋದನ್ನ ನೋಡ್ಕೊಂಡು ಸುಮ್ನೆ ಕೂತಿರ್ತೀನಿ ಅಂತ ಮಾತ್ರ ತಿಳ್ಕೋಬೇಡ."

ಗೇರಿಗೆ, ಬ್ರೇಕಿಗೆ, ಹಾರನ್ನಿಗೆ, ತಿರುವು ತಿರುವಿಗೂ ಬೈಗುಳ ಕಾದಿದೆ ಎಂದು ತಮ್ಮನಿಗೆ ಖಾತ್ರಿಯಾಯಿತು. ಹೋಗುವಾಗಲೂ ಅಷ್ಟೇ, ಬರುವಾಗಲೂ ಅಷ್ಟೇ. ಗುರುವಾರ ನಾಳೆಯೇ ಬರಬಾರದೇ ಎನಿಸಿತು ಅವನಿಗೆ.