ಗರಿ ಹಾರುತ್ತವೆ, ಕಿಟಕಿ ಮುಚ್ಚು

ನಾನು ಮೇಜಿಗೆ ಬಿಗಿಯುವ ಒಂದು ಇಕ್ಕಳ. ಕಬ್ಬಿಣದ ಕಾಲು, ಉಕ್ಕಿನ ಎರಡು ದವಡೆ; ಹೊಟ್ಟೆ ಇಲ್ಲ. ಮೀನಿನ ಗಾಳವನ್ನು ಕಚ್ಚಿ ಹಿಡಿಯುವುದು ನನ್ನ ಕಸುಬು. ತಿರುಪು ಬಿಗಿದರೆ ಕಚ್ಚುತ್ತೇನೆ, ಸಡಿಲಿಸಿದರೆ ಬಿಡುತ್ತೇನೆ. ಇದಕ್ಕೆ ನಿಷ್ಠೆ ಅಂತ ಹೆಸರಿಡುವವರಿದ್ದಾರೆ. ಅಂಥವರ ಬೆರಳು ಸಿಕ್ಕರೆ ಅದನ್ನೂ ಕಚ್ಚುತ್ತೇನೆ.

ಹುಟ್ಟಿದ್ದು ಬೆಳಗಾವಿಯ ಉದ್ಯಮಬಾಗಿನ ಒಂದು ಲೇತ್ ಅಂಗಡಿಯಲ್ಲಿ. ಸರದೇಸಾಯಿ ಸಾಹೇಬ ಒಂದು ಚಿತ್ರ ಹಿಡಿದು ಬಂದಿದ್ದ. ಲೇತಿನವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇಷ್ಟ ಸಣ್ಣ ಬಾಯಾಗ ಏನ ಹಿಡೀತೀರಿ ಸಾಹೇಬ್ರ, ಸೊಳ್ಳೀನ?" ಅಂದ. ಸಾಹೇಬ ನಗಲಿಲ್ಲ. ನನ್ನನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರು. ಹುಟ್ಟಿದ ಕೂಸು ಅಳುತ್ತದೆ. ನಾನು ಚೊಂಯ್ ಅಂದೆ. ಅಲ್ಲಿಗೆ ನನ್ನ ಬಾಲ್ಯ ಮುಗಿಯಿತು.

ಸಾಹೇಬ ಬಹಳ ವರ್ಷ ಪರದೇಶದಲ್ಲಿದ್ದು ಬಂದವನು. ಅಲ್ಲಿ ಚಳಿಗಾಲದಲ್ಲಿ ಕೆರೆಗಳು ಕಲ್ಲಾಗುತ್ತವಂತೆ. ಆಗ ಮೀನಿನ ಹುಚ್ಚಿನವರು ಮನೆಯಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತ ಕೂತು, ಬೇಸಿಗೆಗೆ ಬೇಕಾದ ಸುಳ್ಳು ಮೀನುಗಳನ್ನು ಕಟ್ಟುತ್ತಾರೆ. ಅಲ್ಲಿ ಪೈಕ್ ಅಂತ ಒಂದು ಮೀನು: ಮೊಸಳೆಯ ತಮ್ಮನಂಥ ಮೂತಿ, ಬಾಯಿ ತುಂಬ ಹಲ್ಲು. ಬಾಸ್ ಅಂತ ಇನ್ನೊಂದು: ಮೈಗಿಂತ ಬಾಯಿಯೇ ದೊಡ್ಡದು. ಇವೆರಡನ್ನೂ ಮರುಳು ಮಾಡಲು ಗೇಣುದ್ದದ ಸುಳ್ಳು ಮೀನು ಬೇಕು. ಗಾಳದ ಬೆನ್ನಿಗೆ ಜಿಂಕೆ ಬಾಲದ ಕೂದಲು, ಹುಂಜದ ಉದ್ದನೆಯ ಗರಿ, ಮಿಂಚುವ ಜರಿ ಎಲ್ಲ ಸೇರಿಸಿ ದಾರದಿಂದ ಬಿಗಿಯುತ್ತಾರೆ. ಅದಕ್ಕೆ ಸ್ಟ್ರೀಮರ್ ಅಂತ ಹೆಸರು. ಹಿಡಿದ ಮೀನನ್ನು ತಿನ್ನುವುದಿಲ್ಲವಂತೆ. ಫೋಟೋ ತೆಗೆದು, ತುಟಿ ಹರಿದದ್ದನ್ನು ಹಾಗೇ ನೀರಿಗೆ ಬಿಡುತ್ತಾರಂತೆ. ಹಸಿವಿಲ್ಲದವರ ಬೇಟೆ ಅದು. ನನಗೆ ಪೈಕಿನ ಮೇಲೆ ಸಿಟ್ಟಿಲ್ಲ. ಅದಕ್ಕೆ ಹಸಿವಾದರೂ ಇದೆ.

ಸಾಹೇಬನ ಬಂಗಲೆಯಲ್ಲಿ ನನ್ನನ್ನು ತೇಗದ ಮೇಜಿಗೆ ಬಿಗಿದರು. ಡಿಸೆಂಬರು ಬಂದರೆ ಹೆಗಲಿಗೆ ಶಾಲು, ಪಕ್ಕದಲ್ಲಿ ಗ್ಲಾಸು. ಕಿಟಕಿ ಬಾಗಿಲು ಭದ್ರ. ಗರಿ ಅನ್ನುವುದು ಉಸಿರು ತಾಕಿದರೂ ಹಾರುವ ವಸ್ತು. ಗಾಳಿ ಆಡಿದರೆ ಮೇಜಿನ ಮೇಲೆ ಏನೂ ಉಳಿಯುವುದಿಲ್ಲ. ಸಾಹೇಬ ವಾರಕ್ಕೊಂದು ಸ್ಟ್ರೀಮರ್ ಕಟ್ಟುತ್ತಿದ್ದ. ಕಟ್ಟಿ ಬೆಳಕಿಗೆ ಹಿಡಿದು, "ಇದು ಧ್ಯಾನ" ಅನ್ನುತ್ತಿದ್ದ. ಕೆಳಗಿನಿಂದ ನೋಡುವ ನನಗೆ ಕಾಣುತ್ತಿದ್ದದ್ದು ಎರಡು ಮೂಗಿನ ಹೊಳ್ಳೆ ಮತ್ತು ಚೆನ್ನಾಗಿ ಉಂಡ ಒಂದು ಗದ್ದ.

ಪರದೇಶದ ಗೆಳೆಯನಿಗೆ ಕೆಲವನ್ನು ಕಳಿಸಿದ. ಆ ಗೆಳೆಯ ಅಂಗಡಿಯಿಟ್ಟವನು, ಲಾರ್ಸ್ ಅಂತ. ಇನ್ನೂ ಕಳಿಸು ಅಂದ. ಇನ್ನೂ, ಇನ್ನೂ ಅಂದ. ಧ್ಯಾನಕ್ಕೆ ಗಿರಾಕಿ ಸಿಕ್ಕಮೇಲೆ ಧ್ಯಾನ ಮಾಡುವುದಕ್ಕೆ ಬೇರೆಯವರು ಬೇಕಾದರು.

ಊರ ಹೊರಗೆ ಒಂದು ಹಳೆಯ ಹತ್ತಿ ಗೋದಾಮು. ಸಾಹೇಬ ಅದನ್ನು ಬಾಡಿಗೆಗೆ ಹಿಡಿದ. ನನ್ನನ್ನು ಮಾದರಿಯಾಗಿಟ್ಟು ನನ್ನಂಥ ಎಷ್ಟೋ ಇಕ್ಕಳ ಹುಟ್ಟಿಸಿದರು. ಉದ್ದನೆಯ ಬೆಂಚುಗಳಿಗೆ ನಮ್ಮನ್ನು ಸಾಲಾಗಿ ಬಿಗಿದರು. ನೇಕಾರರ ವಡಗಾವಿಯಲ್ಲಿ ಆಗ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದವು. ನೂಲಿನ ಕಂಡಿಕೆ ಸುತ್ತುತ್ತಿದ್ದ ಹೆಂಗಸರು ಖಾಲಿ ಕೈಯಲ್ಲಿದ್ದರು. ದಾರದ ಬಿಗಿ ಬೆರಳಿಗೆ ಗೊತ್ತಿದ್ದ ಆ ಕೈಗಳನ್ನೇ ಸಾಹೇಬ ಆರಿಸಿಕೊಂಡ. ನನ್ನ ಮುಂದೆ ಬಂದು ಕೂತವಳು ಯಮನವ್ವ. ಪಕ್ಕದ ಇಕ್ಕಳಕ್ಕೆ ಹುಸೇನಬಿ. ಎಲ್ಲರ ಬೆನ್ನಿಗೆ ಮೇಸ್ತ್ರಿ ದುಂಡಪ್ಪ.

ದುಂಡಪ್ಪನ ಬಾಯಲ್ಲಿ ಒಂದೇ ಮಂತ್ರ: "ಗರಿ ಹಾರ್ತಾವು, ಕಿಟಕಿ ಮುಚ್ಚು."

ಸಾಹೇಬನ ಬಂಗಲೆಯ ನಿಯಮ ಗೋದಾಮಿಗೂ ಬಂತು. ಆದರೆ ಅಲ್ಲಿ ವಾರಕ್ಕೊಂದು, ಇಲ್ಲಿ ದಿನವೆಲ್ಲ. ಸ್ಟ್ರೀಮರಿನ ತಲೆ ಉಬ್ಬಿ ಕಾಣಲು ಜಿಂಕೆ ಕೂದಲನ್ನು ಒತ್ತೊತ್ತಾಗಿ ಕಟ್ಟಿ, ಬ್ಲೇಡಿನಿಂದ ಗುಂಡಗೆ ಹೆರೆಯಬೇಕು. ಹೆರೆದಷ್ಟೂ ಕೂದಲ ಪುಡಿ. ಬಣ್ಣ ಹಾಕಿದ ಕೂದಲು, ಹುಳ ಹಿಡಿಯದಂತೆ ಡಾಂಬರುಗುಳಿಗೆ ಬೆರೆಸಿಟ್ಟ ಕೂದಲು. ಮುಚ್ಚಿದ ಕೋಣೆಯಲ್ಲಿ ಆ ಪುಡಿ ಎಲ್ಲಿ ಹೋಗಬೇಕು? ಚಳಿಗಾಲ ಅಂದರೆ ನಮಗೆ ಸುಗ್ಗಿ. ಅಲ್ಲಿ ಕೆರೆ ಕರಗುವ ಮುಂಚೆ ಪೆಟ್ಟಿಗೆಗಳು ಅಂಗಡಿ ಮುಟ್ಟಬೇಕು.

ಯಮನವ್ವ ಕೆಮ್ಮತೊಡಗಿದಳು. ಹಸಿರು ಸ್ಟ್ರೀಮರ್ ಕಟ್ಟಿದ ದಿನ ಸೆರಗಿನಲ್ಲಿ ಹಸಿರು ಕಫ. ಕಿತ್ತಳೆ ಕಟ್ಟಿದ ದಿನ ಕಿತ್ತಳೆ.

"ಯಮನಕ್ಕಾ, ಇವತ್ತ ಯಾವ ಕಲರ್ ಆರ್ಡರ್ ಐತಿ ಅಂತ ನಿನ್ನ ಸೆರಗ ನೋಡಿದ್ರ ಸಾಕ," ಅಂದಳು ಹುಸೇನಬಿ.

"ಸುಮ್ನ ಕುಂದರ, ನಿಂದೂ ನಾಳಿ ಹೋಳಿ ಹುಣ್ಣಿವಿ ಆಗ್ತೈತಿ."

ನಕ್ಕರು. ನಗು ಕೆಮ್ಮಾಗಿ ಬೆಂಚಿನ ಆ ತುದಿಯವರೆಗೂ ಹೋಯಿತು. ಕೆಳಗಿನಿಂದ ನಾನು ನೋಡುತ್ತಿದ್ದೆ. ಉಸಿರು ಎಳೆಯುವಾಗ ಅವಳ ಕೊರಳ ಗುಳಿ ಒಳಗೆ ಬೀಳುತ್ತಿತ್ತು. ಸರ್ಕಾರಿ ದವಾಖಾನೆಯ ಡಾಕ್ಟರಮ್ಮ ಅವಳಿಗೆ ಮಾತ್ರೆಯ ಜೊತೆ ಒಂದು ಮಾತನ್ನೂ ಕೊಟ್ಟಿದ್ದಳು: ಗಾಳಿ ಆಡೋ ಕಡೆ ಕೆಲಸ ಮಾಡು, ಇಲ್ಲಾಂದ್ರೆ ಈ ಎದೆ ಬಹಳ ದಿನ ತಡೆಯೋದಿಲ್ಲ. ಯಮನವ್ವನಿಗೆ ಬೇಕಾದದ್ದು ಅಷ್ಟೇ. ಕುರ್ಚಿ ಕೇಳಲಿಲ್ಲ, ಹೆಚ್ಚಿನ ಕೂಲಿ ಕೇಳಲಿಲ್ಲ. ಒಂದು ಕಿಟಕಿ.

ಮೊದಲು ದುಂಡಪ್ಪನನ್ನು ಕೇಳಿದಳು. "ಗರಿ ಹಾರ್ತಾವು," ಅಂದ.

"ಗರಿ ಹಾರಿದ್ರ ಹಿಡೀಬಹುದೋ ದುಂಡಪ್ಪ. ಜೀವ ಹಾರಿದ್ರ ಹಿಡ್ಯಾಕ ನಿನ್ನ ಕಡೆ ಬಲಿ ಐತೇನ?"

ಆಮೇಲೆ ಸಾಹೇಬನನ್ನೇ ತಡೆದು ನಿಲ್ಲಿಸಿದಳು. ಸಾಹೇಬನ ಮಾತು ಜೇನಿನಲ್ಲಿ ಅದ್ದಿದ್ದು. "ನೋಡವಾ ಯಮನವ್ವ, ನಾನೂ ಮುಚ್ಚಿದ ಕೋಣೆಯಲ್ಲೇ ಕಟ್ಟತೀನಿ. ನನಗೇನಾಗೈತಿ? ಮನಸ್ಸು ಶಾಂತ ಇಟ್ಟುಕೋ. ಇದು ಒಂದು ಥರಾ ಧ್ಯಾನ."

"ನೀವು ವಾರಕ್ಕ ಒಂದ ಧ್ಯಾನ ಮಾಡ್ತೀರಿ ಸಾಹೇಬ್ರ. ನಮಗ ತಾಸಿಗೆ ಇಷ್ಟ ಧ್ಯಾನ ಅಂತ ಲೆಕ್ಕ ಇಟ್ಟೀರಿ."

ಬೆಂಚಿನ ಮೇಲೆ ಯಾರೂ ತಲೆ ಎತ್ತಲಿಲ್ಲ, ಆದರೆ ದಾರ ಸುತ್ತುವ ಕೈಗಳೆಲ್ಲ ಒಂದು ಗಳಿಗೆ ನಿಂತವು. ಕಿಟಕಿಗೆ ತಂತಿ ಬಲೆ ಬಡಿದು, ಕೂದಲು ಹೆರೆಯುವ ಬೆಂಚನ್ನು ಮಾತ್ರ ಅದರ ಹತ್ತಿರ ಸರಿಸಿದ್ದರೆ ಮುಗಿಯುತ್ತಿತ್ತು. ಒಂದು ದಿನದ ಕೆಲಸ. ಮಾಡಲಿಲ್ಲ. ಕೇಳಿದ್ದಕ್ಕೆ ಕೊಟ್ಟರೆ ಕೇಳುವುದು ಚಟವಾಗುತ್ತದೆ ಅಂತ ಸಾಹೇಬ ದುಂಡಪ್ಪನಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಜನವರಿಯಲ್ಲಿ ಲಾರ್ಸ್ ಬರುತ್ತಾನೆ ಅಂತ ಸುದ್ದಿ ಬಂತು. ಕ್ಯಾಮೆರಾ ತರುತ್ತಾನಂತೆ. ಸುಳ್ಳು ಮೀನು ಕಟ್ಟುವವರು ಹೇಗಿದ್ದಾರೆ ಅಂತ ಅವನ ಗಿರಾಕಿಗಳು ಈಗೀಗ ಕೇಳುತ್ತಿದ್ದಾರಂತೆ. ಗೋದಾಮಿಗೆ ಸುಣ್ಣ ಬಂತು. ಹೆಂಗಸರಿಗೆ ನೀಲಿ ಏಪ್ರನ್ ಬಂತು. ಸೂರಿನಿಂದ ಹೊಸ ಫ್ಯಾನುಗಳು ಇಳಿದವು. ಆ ಮುಂಜಾನೆ ಕಿಟಕಿಗಳೆಲ್ಲ ತೆರೆದವು. ಅದೃಷ್ಟಕ್ಕೆ ಹೊರಗೆ ಎಲೆಯೂ ಅಲ್ಲಾಡುತ್ತಿರಲಿಲ್ಲ. ದುಂಡಪ್ಪ ಬೆಂಚು ಬೆಂಚಿಗೆ ಹೋಗಿ ಹೇಳಿದ: "ಫ್ಯಾನಿನ ಬಟನ್ ಯಾರೂ ಮುಟ್ಟಂಗಿಲ್ಲ. ಅವು ನೋಡಾಕ ಅಷ್ಟ." ಯಮನವ್ವನಿಗೆ ಮಾತ್ರ ಹಿಂದಿನ ದಿನವೇ ಬೇರೆ ಹೇಳಿದ್ದ: "ನೀ ನಾಳಿ ರಜಾ ತಗೋ."

ಅವಳು ಬಂದಳು. ಎಲ್ಲರಿಗಿಂತ ಮೊದಲೇ ಬಂದು ನನ್ನ ಮುಂದೆ ಕೂತಳು.

ಲಾರ್ಸ್ ಕೆಟ್ಟವನಲ್ಲ. ಹಾಗೆ ಹೇಳುವುದೇ ನನಗೆ ಕಷ್ಟ. ಮಗುವಿನಂತೆ ಅಗಲವಾಗಿ ನಗುತ್ತಿದ್ದ. ಯಮನವ್ವ ಕಟ್ಟಿದ ಹಸಿರು ಕಿತ್ತಳೆ ಸ್ಟ್ರೀಮರನ್ನು ನನ್ನ ದವಡೆಯಿಂದಲೇ ಕ್ಯಾಮೆರಾಕ್ಕೆ ತೋರಿಸಿದ. ನಿನಗೆ ಇಲ್ಲಿ ಸಂತೋಷವೇ ಅಂತ ಕೇಳಿದ. ಸಾಹೇಬ ಕನ್ನಡಕ್ಕೆ ತಂದ.

ಯಮನವ್ವ ಅಂದಳು, "ಈ ಫ್ಯಾನ ಯಾವಾಗ ಹಾಕಿದ್ರಿ, ಅದನ್ನ ಹೇಳ್ರಿ ಅವರಿಗೆ."

ಸಾಹೇಬ ಇಂಗ್ಲಿಷಿನಲ್ಲಿ ಏನೋ ಅಂದ. ಲಾರ್ಸ್ ಫ್ಯಾನು ನೋಡಿ, ಹೆಬ್ಬೆರಳು ಎತ್ತಿ, ಇನ್ನೂ ಅಗಲವಾಗಿ ನಕ್ಕ.

"ಏನ ಹೇಳಿದ್ನೋ ಗೊತ್ತಿಲ್ಲ ಯಮನಕ್ಕಾ," ಹುಸೇನಬಿ ತಲೆ ಎತ್ತದೆ ಹೇಳಿದಳು. "ಆದ್ರ ನೀ ಹೇಳಿದ್ದಂತೂ ಅಲ್ಲ."

ಯಮನವ್ವ ಎದ್ದಳು. ಅವಸರವಿಲ್ಲದೆ ಗೋಡೆಯ ಹತ್ತಿರ ಹೋದಳು. ಬಟನ್‌ಗಳನ್ನೆಲ್ಲ ಅಂಗೈಯಿಂದ ಒಮ್ಮೆಗೇ ಒತ್ತಿದಳು.

ನಾನು ಬೆಂಚಿಗೆ ಬಿಗಿದವನು, ಅಲ್ಲಾಡಲಿಲ್ಲ. ಉಳಿದದ್ದೆಲ್ಲ ಎದ್ದಿತು. ಬಣ್ಣ ಬಣ್ಣವಾಗಿ ವಿಂಗಡಿಸಿಟ್ಟ ಗರಿ, ಹೆರೆದ ಕೂದಲು, ಜರಿಯ ಎಳೆ, ಬೆಂಚಿನ ಸಂದಿಯಲ್ಲಿ ವರ್ಷಗಟ್ಟಲೆ ಕೂತಿದ್ದ ಪುಡಿ. ಗೋದಾಮಿನ ತುಂಬ ಹಸಿರು ಕಿತ್ತಳೆ ಮೋಡ. ದುಂಡಪ್ಪ ಎರಡು ಕೈ ಎತ್ತಿ ಗರಿ ಹಿಡಿಯಲು ಕುಣಿದ. ಲಾರ್ಸನ ಗಡ್ಡದ ತುಂಬ ಜಿಂಕೆ ಕೂದಲು. ಅವನು ಕೆಮ್ಮಿದ. ಬಗ್ಗಿ, ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿದ. ಸಾಹೇಬ ಓಡಿದ, ನೀರು ತಂದ, ಬೆನ್ನು ಸವರಿದ, ಹೊರಗೆ ಗಾಳಿಗೆ ಕರೆದುಕೊಂಡು ಹೋದ.

"ನೋಡ್ರೇ," ಯಮನವ್ವ ಗೋಡೆಗೆ ಒರಗಿಕೊಂಡು ಹೇಳಿದಳು. "ಕೆಮ್ಮಿದವರನ್ನ ಹೊರಗ ಗಾಳಿಗೆ ಕರ್ಕೊಂಡ ಹೋಗಬೇಕು ಅಂತ ಸಾಹೇಬ್ರಿಗೆ ಗೊತ್ತೈತಿ."

ಮರುದಿನ ಮುಂಜಾನೆ ಗೋದಾಮಿನ ಬಾಗಿಲಲ್ಲಿ ಸಾಹೇಬನೇ ನಿಂತಿದ್ದ. ನಾನಿದ್ದ ಬೆಂಚಿನಿಂದ ಹೊಸ್ತಿಲು ಕಾಣುತ್ತಿತ್ತು. ಲಾರ್ಸ್ ಪಟ್ಟು ಹಿಡಿದಿದ್ದಾನೆ, ಅಂದ. ಕಿಟಕಿಗೆಲ್ಲ ಬಲೆ ಬರುತ್ತದೆ, ಗಾಳಿ ಬರುತ್ತದೆ, ಕೆಲಸವೂ ಇರುತ್ತದೆ. "ಯಮನವ್ವ ಒಬ್ಬಾಕಿ ಮಾತ್ರ ಒಳಗ ಬರಂಗಿಲ್ಲ. ಗಿರಾಕಿ ಮುಂದ ಮಾನ ಕಳದಾಳ. ಎಲ್ಲಾರಿಗೂ ಕಿಟಕಿ ಬೇಕೋ, ಆಕಿ ಬೇಕೋ, ನೀವ ಹೇಳ್ರಿ."

ಎಷ್ಟು ಚಂದದ ಗಾಳ ನೋಡಿ! ಗರಿಯಿಲ್ಲ, ಜರಿಯಿಲ್ಲ, ಬರೀ ಗಾಳಿ ಕಟ್ಟಿ ಎಸೆದಿದ್ದ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಯಮನವ್ವನೇ ಬಾಯಿ ಬಿಟ್ಟಳು, ಮಾತಿನ ನಡುವೆ ಉಸಿರು ಹೆಕ್ಕುತ್ತ. "ಕಿಟಕಿ ತಗೋರಿ. ಹುಚ್ಚ ಆಗಬ್ಯಾಡ್ರಿ. ಒಳಗ ಹೋಗ್ರಿ. ನಿಮ್ಮ ಎದಿಯರ ಉಳೀಲಿ."

ಹುಸೇನಬಿ ಮೈಮೇಲಿನ ನೀಲಿ ಏಪ್ರನ್ ಬಿಚ್ಚಿದಳು. ಮಡಚಿ ಸಾಹೇಬನ ಕೈಗೇ ಕೊಟ್ಟಳು. "ಕಿಟಕಿ ಕೇಳಿದ್ದ ಆಕಿ ಉಸಿರಾಡಾಕ ಅಂತ. ಆಕೀನ ಹೊರಗ ಹಾಕಿ ಕಿಟಕಿ ತಗೊಂಡು ನಾವೇನ ಹಾದ್ಯಾಗ ಹೋಗೋರನ್ನ ನೋಡಬೇಕಾ?"

ಆಮೇಲೆ ಒಂದೊಂದೇ ಏಪ್ರನ್. ಎಲ್ಲರೂ ಅಲ್ಲ. ಇಬ್ಬರು ತಲೆ ತಗ್ಗಿಸಿ ಒಳಗೆ ಬಂದು ಕೂತರು. ಅವರ ಮನೆಯ ಒಲೆ ನನಗೆ ಗೊತ್ತಿಲ್ಲ, ಅವರನ್ನು ಬೈಯುವ ಹಕ್ಕೂ ಇಲ್ಲ. ಬೈಯಬೇಕಾದವನು ಏಪ್ರನ್‌ಗಳ ರಾಶಿ ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದ.

ಪೆಟ್ಟಿಗೆ ಹೋಗಲಿಲ್ಲ. ಅಲ್ಲಿ ಕೆರೆ ಕರಗಿರಬೇಕು. ಆ ಬೇಸಿಗೆಯಲ್ಲಿ ಸಾಹೇಬ ಎಲ್ಲ ಕಟ್ಟಿಕೊಂಡು, ಯಾರೂ ಏನೂ ಕೇಳದ ಊರು ಹುಡುಕಿಕೊಂಡು ಹೋದ. ಅಂಥ ಊರು ಸಿಗುತ್ತವೆ. ಈಗಲೂ ಅಲ್ಲಿ ಯಾರೋ ಒಬ್ಬಳು ಹಸಿರು ಕೆಮ್ಮುತ್ತಿದ್ದಾಳೆ. ಇನ್ನೆಲ್ಲೋ ಒಬ್ಬ ಆ ಸ್ಟ್ರೀಮರ್ ಹಿಡಿದು ನಿಸರ್ಗ, ಶಾಂತಿ ಅಂತ ಮಾತಾಡುತ್ತಿದ್ದಾನೆ. ನನ್ನನ್ನು ಬಿಚ್ಚಲು ದುಂಡಪ್ಪ ಪಾನಾ ಹಾಕಿ ಹೆಣಗಿದ. ಬೋಲ್ಟು ತುಕ್ಕು ಹಿಡಿದಿತ್ತು. ಒಂದು ಒದೆ ಕೊಟ್ಟು, "ಬಿದ್ದಿರು ಸುಡುಗಾಡಿನಾಗ" ಅಂದು ಹೋದ.

ಬಿದ್ದಿದ್ದೇನೆ. ದವಡೆ ಅರ್ಧ ತೆರೆದು ನಿಂತಿದೆ, ಮುಚ್ಚಲು ಬರುವುದಿಲ್ಲ. ಮುದಿತನದಲ್ಲಿ ಸಿಟ್ಟು ಇಳಿಯುತ್ತದೆ ಅನ್ನುತ್ತಾರೆ. ಇಳಿಯುವುದು ಶಕ್ತಿ. ಸಿಟ್ಟು ಇದ್ದಲ್ಲೇ ಇರುತ್ತದೆ.

ಮಳೆಗಾಲ ಕಳೆದ ಮೇಲೆ ಗೋದಾಮಿಗೆ ಹೊಸ ಬಾಡಿಗೆದಾರ ಬಂದ, ಈರುಳ್ಳಿ ವ್ಯಾಪಾರಿ ಅಡಿವೆಪ್ಪ. ಬಂದವನೇ ಆಳು ಕರೆಸಿ, ಕಿಟಕಿಯ ಚೌಕಟ್ಟು ಒಡೆಸಿ ಇನ್ನೂ ಅಗಲ ಮಾಡಿದ. ಗೋಡೆಗೆ ಹೊಸ ತೂತು ಕೊರೆಸಿದ. ನೆಲದಿಂದ ಸೂರಿನವರೆಗೆ ಫ್ಯಾನು. ಹಗಲೂ ರಾತ್ರಿ ತಿರುಗುತ್ತವೆ. ಕೆಟ್ಟ ಗಡ್ಡೆ ಆರಿಸಿ ತೆಗೆಯಲು ಹೆಂಗಸರು ಬೇಕೆಂದು ವಡಗಾವಿಗೆ ಹೇಳಿಕಳಿಸಿದ. ಬಂದವರಲ್ಲಿ ಯಮನವ್ವನೂ ಇದ್ದಳು. ಬಹಳ ಸೊರಗಿದ್ದಳು. ಹೊಸ್ತಿಲಲ್ಲೇ ನಿಂತು ಆ ಗಾಳಿ ನೋಡಿದಳು.

"ಇಷ್ಟ ಫ್ಯಾನ ಯಾಕ್ರಿ?" ಅಂತ ಕೇಳಿದಳು.

"ಗಾಳಿ ಆಡದಿದ್ರ ಕೊಳೀತಾವ ಯವ್ವಾ," ಅಂದ ಅಡಿವೆಪ್ಪ. "ಉಳ್ಳಾಗಡ್ಡಿ ಅಂದ್ರ ಭಾಳ ಸೂಕ್ಷ್ಮ. ಮುಚ್ಚಿದ ಖೋಲ್ಯಾಗ ಇಟ್ರ ಒಂದ ವಾರ ತಡ್ಯಂಗಿಲ್ಲ."

ಯಮನವ್ವ ಅವನನ್ನು ನೋಡಿದಳು. ಉಳ್ಳಾಗಡ್ಡಿ ರಾಶಿಯನ್ನು ನೋಡಿದಳು. ಆಮೇಲೆ ಗೋಣಿಚೀಲ ಎಳೆದುಕೊಂಡು ಹೋಗಿ, ಎಲ್ಲಕ್ಕಿಂತ ದೊಡ್ಡ ಫ್ಯಾನಿನ ನೇರಕ್ಕೆ, ರಾಶಿಯ ನಟ್ಟನಡುವೆ ಹಾಸಿ ಕೂತಳು.

"ಅಲ್ಲ್ಯಾಕ ಕುಂತಿ ಯವ್ವಾ? ಈ ಕಡೆ ಬೆಳಕ ಐತಿ, ಬಾ."

"ಇರ್ಲಿ ಬಿಡ್ರಿ," ಅಂದಳು. "ನನ್ನೂ ಒಂದ ಉಳ್ಳಾಗಡ್ಡಿ ಅಂತ ತಿಳೀರಿ."